ಒಂದೇ ಡಿಶ್‌ನಿಂದ ಮನೆಯ ಎಲ್ಲ ಟಿವಿಗಳಿಗೆ: ಗೋಡೆ ಮುಚ್ಚಿಸುವ ಮುನ್ನ ಇದನ್ನು ಓದಿ

ಮೈಸೂರಿನ ವರ್ತುಲ ರಸ್ತೆಯ ಆಚೆ ಈಚೆ ಹೊಸ ಮನೆ ಕಟ್ಟಿಸುತ್ತಿರುವವರನ್ನು ಪ್ಲಾಸ್ಟರಿಂಗ್ ಶುರುವಾಗುವ ಹೊತ್ತಿಗೆ ಹುಡುಕಿಕೊಂಡು ಬಂದು ‘ಸೆಂಟ್ರಲ್ ಟಿವಿ ಸಿಸ್ಟಮ್’ ಮಾರುವವರು ಹೆಚ್ಚಾಗಿದ್ದಾರೆ. ತಾರಸಿಯ ಮೇಲೆ ಒಂದೇ ಡಿಶ್, ಮೆಟ್ಟಿಲ ಕೆಳಗಿನ ಕಪಾಟಿನಲ್ಲಿ ಒಂದು ಯೂನಿಟ್, ಅಲ್ಲಿಂದ ಪ್ರತಿ ಕೋಣೆಗೂ ಗೋಡೆಯೊಳಗೆ ಕೇಬಲ್. ಯಾವ ಕೋಣೆಯಲ್ಲಿ ಯಾವ ಚಾನೆಲ್ ಬೇಕಾದರೂ ನೋಡಬಹುದು, ತಿಂಗಳ ಬಿಲ್ ಮಾತ್ರ ಒಂದೇ ಎಂಬುದು ಅವರ ಮಾತು. ಈ ಮಾತಿನ ಮೊದಲರ್ಧ ಸರಿಯಾದ ಸಾಮಾನು ಹಾಕಿದರೆ ಸಾಧ್ಯವಿದೆ. ಉಳಿದರ್ಧ ಸುಳ್ಳು. ನಮ್ಮ ಮನೆಯಲ್ಲಿ ಆ ಮೊದಲರ್ಧವೂ ನಡೆಯಲಿಲ್ಲ. ಯಾಕೆ ನಡೆಯಲಿಲ್ಲ ಎಂಬುದನ್ನು ತುಸು ವಿವರವಾಗಿಯೇ ಬರೆಯುತ್ತಿದ್ದೇನೆ, ಏಕೆಂದರೆ ತಪ್ಪು ಎಲ್ಲಿದೆ ಎಂದು ಗೊತ್ತಾಗುವುದು ಗೋಡೆ ಮುಚ್ಚಿ, ಪೇಂಟ್ ಬಳಿದು, ಗೃಹಪ್ರವೇಶವೂ ಮುಗಿದ ಮೇಲೆ.

ದಟ್ಟಗಳ್ಳಿಯಲ್ಲಿರುವ ನಮ್ಮ ಮನೆಯ ಕೆಳಗೆ ತಾಯಿಯವರೂ ನಾವೂ, ಮೇಲೆ ತಮ್ಮನ ಸಂಸಾರವೂ ಇದ್ದೇವೆ. ಬೆಳಿಗ್ಗೆ ತಾಯಿಯವರು ತಮ್ಮ ಕೋಣೆಯಲ್ಲಿ ಭಕ್ತಿಗೀತೆ ಹಾಕಿಕೊಂಡು ಕುಳಿತಿರುವಾಗ ಮೇಲೆ ಮಕ್ಕಳು ಕಾರ್ಟೂನ್ ಹಾಕಿದರೆ ಸಾಕು, ಕೆಳಗಿನ ಪರದೆಯ ಮೇಲೆ ‘ಸಿಗ್ನಲ್ ಇಲ್ಲ’ ಎಂಬ ನೀಲಿ ಪಟ್ಟಿ ಬರುತ್ತಿತ್ತು. ಮಕ್ಕಳು ಬೇರೊಂದು ಚಾನೆಲ್‌ಗೆ ಹೋದರೆ ಕೆಲವೊಮ್ಮೆ ಹಾಡು ತಾನಾಗಿಯೇ ಮರಳುತ್ತಿತ್ತು. ಮೇಲಿನ ಬಾಕ್ಸನ್ನು ರಿಮೋಟ್‌ನಲ್ಲಿ ಆಫ್ ಮಾಡಿದರೆ ಪ್ರಯೋಜನವಿರಲಿಲ್ಲ, ಪ್ಲಗ್ಗನ್ನೇ ಕಿತ್ತರೆ ಮಾತ್ರ ಕೆಳಗಿನದು ಸರಿಯಾಗುತ್ತಿತ್ತು. ಮನೆಯಲ್ಲಿ ಇದರಿಂದ ಎಷ್ಟು ಮಾತು ಬೆಳೆಯಿತು ಎಂಬುದು ಇಲ್ಲಿ ಬೇಡ.

ಇದಕ್ಕೆ ಕಾರಣ ಬಹಳ ಸರಳವಾದದ್ದು. ಉಪಗ್ರಹದಿಂದ ಚಾನೆಲ್‌ಗಳು ಲಂಬ ಮತ್ತು ಅಡ್ಡ ಎಂಬ ಎರಡು ಬಗೆಯ ಅಲೆಗಳಲ್ಲಿ ಬರುತ್ತವೆ. ಡಿಶ್‌ನ ಮುಂದೆ ಚಾಚಿಕೊಂಡಿರುವ ಎಲ್‌ಎನ್‌ಬಿ ಅವುಗಳಲ್ಲಿ ಯಾವುದನ್ನು ಕೆಳಗೆ ಕಳಿಸಬೇಕು ಎಂಬುದನ್ನು ಸೆಟ್ ಟಾಪ್ ಬಾಕ್ಸ್ ಅದೇ ಕೇಬಲ್‌ನಲ್ಲಿ ಮೇಲಕ್ಕೆ ಕಳಿಸುವ ವೋಲ್ಟೇಜ್ ತೀರ್ಮಾನಿಸುತ್ತದೆ. 13 ವೋಲ್ಟ್ ಹೋದರೆ ಲಂಬ, 18 ವೋಲ್ಟ್ ಹೋದರೆ ಅಡ್ಡ. ಎಲ್‌ಎನ್‌ಬಿಯ ಒಂದು ಬಾಯಿ, ಅಂದರೆ ಕೇಬಲ್ ಸಿಕ್ಕಿಸುವ ಜಾಗ, ಒಂದು ಹೊತ್ತಿಗೆ ಒಂದೇ ಬಾಕ್ಸಿನ ಮಾತು ಕೇಳಬಲ್ಲದು. ಆ ಒಂದೇ ಬಾಯಿಗೆ, ಒಂದು ಕೇಬಲ್ಲನ್ನು ಹಲವು ಕವಲಾಗಿಸುವ ಸ್ಪ್ಲಿಟರ್ ಸಿಕ್ಕಿಸಿ ನಾಲ್ಕು ಬಾಕ್ಸ್ ಜೋಡಿಸಿದರೆ ಹೆಚ್ಚಿನ ವೋಲ್ಟೇಜ್ ಕೊಟ್ಟವರದೇ ಮೇಲುಗೈಯಾಗಿ, ಲಂಬ ಅಲೆಯ ಚಾನೆಲ್ ನೋಡುತ್ತಿದ್ದವರ ಪರದೆ ಖಾಲಿಯಾಗುತ್ತದೆ. ಈ ಜಗಳವನ್ನು ತಪ್ಪಿಸಲೆಂದೇ ಮಲ್ಟಿಸ್ವಿಚ್ ಎಂಬ ಉಪಕರಣವಿದೆ: ಅದು ನಾಲ್ಕು ಬಾಯಿಯ ಎಲ್‌ಎನ್‌ಬಿಯಿಂದ ಎಲ್ಲ ಬಗೆಯ ಅಲೆಗಳನ್ನೂ ಬೇರೆ ಬೇರೆ ಕೇಬಲ್‌ನಲ್ಲಿ ಇಳಿಸಿಕೊಂಡು, ಪ್ರತಿ ಬಾಕ್ಸಿಗೂ ಅದು ಕೇಳಿದ್ದನ್ನು ಪ್ರತ್ಯೇಕವಾಗಿ ಕೊಡುತ್ತದೆ. ಕೊಟೇಶನ್‌ನಲ್ಲಿ ನಮಗೆ ಬರೆದುಕೊಟ್ಟದ್ದು ‘ಸೆಂಟ್ರಲ್ ಡಿಸ್ಟ್ರಿಬ್ಯೂಷನ್ ಯೂನಿಟ್’ ಎಂಬ ದೊಡ್ಡ ಹೆಸರು. ಬೇರೊಬ್ಬ ಮೆಕ್ಯಾನಿಕ್ಕನ್ನು ಕರೆಸಿ ಆ ಬಿಳಿಯ ಪೆಟ್ಟಿಗೆಯ ಮುಚ್ಚಳ ಬಿಚ್ಚಿಸಿದಾಗ ಒಳಗಿದ್ದದ್ದು ಒಂದು ಪುಟ್ಟ ಫ್ಯಾನು, ಹಸಿರು ದೀಪದ ಒಂದು ಪವರ್ ಸಪ್ಲೈ ಮತ್ತು ಕೇಬಲ್ ಟಿವಿಯವರು ಬೀದಿಯಲ್ಲಿ ಬಳಸುವಂಥ ಸ್ಪ್ಲಿಟರ್. ಅದರ ಲೋಹದ ಮೈಮೇಲೆ 5–1000 ಮೆಗಾಹರ್ಟ್ಜ್ ಎಂದು ಅಚ್ಚಾಗಿತ್ತು. ಎಲ್‌ಎನ್‌ಬಿಯಿಂದ ಇಳಿದು ಬರುವ ಸಿಗ್ನಲ್ 950ರಿಂದ 2150 ಮೆಗಾಹರ್ಟ್ಜ್‌ನದು. ಅಂದರೆ ಆ ಸಾಮಾನು ಈ ಕೆಲಸಕ್ಕೆ ತಯಾರಾದದ್ದೇ ಅಲ್ಲ.

ದೂರು ಹೇಳಿದಾಗ ಅಂಗಡಿಯವರು ಮೊದಲು ಕಳಿಸಿದ ಹುಡುಗ ತಾರಸಿಗೆ ಹತ್ತಿ ನೋಡಿ, “ಸಾರ್, ಚಾಮುಂಡಿ ಬೆಟ್ಟ ಅಡ್ಡ ಬರ್ತಿದೆ, ಅದಕ್ಕೇ ಸಿಗ್ನಲ್ ವೀಕು” ಎಂದ. ಈ ಸಬೂಬು ನಗರದಲ್ಲಿ ಇನ್ನೆಷ್ಟು ಜನರಿಗೆ ಸಿಕ್ಕಿದೆಯೋ ಕಾಣೆ. ನಮ್ಮ ದೇಶದ ಡಿಟಿಎಚ್ ಉಪಗ್ರಹಗಳು 83ರಿಂದ 108 ಡಿಗ್ರಿ ಪೂರ್ವ ರೇಖಾಂಶದ ನಡುವೆ ಇರುವುದರಿಂದ ಮೈಸೂರಿನಿಂದ ನೋಡಿದರೆ ಅವು ಬಹುಮಟ್ಟಿಗೆ ಆಗ್ನೇಯ ದಿಕ್ಕಿನಲ್ಲೇ ಇವೆ, ಬೆಟ್ಟವೂ ನಗರದ ಆಗ್ನೇಯಕ್ಕೇ ಇದೆ. ಆದರೆ ಅವುಗಳಲ್ಲಿ ಅತ್ಯಂತ ಕೆಳಗಿರುವುದೂ ದಿಗಂತದಿಂದ ಸುಮಾರು 50 ಡಿಗ್ರಿ ಎತ್ತರದಲ್ಲಿದ್ದರೆ, ನಮ್ಮ ತಾರಸಿಯಿಂದ ಬೆಟ್ಟದ ನೆತ್ತಿ ಏಳುವುದು ಕೆಲವೇ ಡಿಗ್ರಿ. ಅಡ್ಡ ಬರುವುದಿದ್ದರೆ ಪಕ್ಕದ ಸೈಟಿನ ತೆಂಗಿನ ಮರವೋ ನೀರಿನ ಟ್ಯಾಂಕೋ ಬರಬೇಕು, ನಮ್ಮಲ್ಲಿ ಎರಡೂ ಆ ದಿಕ್ಕಿಗೆ ಇಲ್ಲ.

ನಿಜವಾಗಿ ಸಿಗ್ನಲ್ಲನ್ನು ತಿನ್ನುತ್ತಿದ್ದದ್ದು ಗೋಡೆಯೊಳಗಿನ ಕೇಬಲ್. ಒಳ್ಳೆಯ ಆರ್‌ಜಿ-6 ಕೇಬಲ್‌ನಲ್ಲಿಯೂ ಈ ಸಿಗ್ನಲ್ 100 ಮೀಟರ್‌ಗೆ ಸುಮಾರು 20ರಿಂದ 30 ಡೆಸಿಬೆಲ್ ಸೊರಗುತ್ತದೆ, ಸ್ಪ್ಲಿಟರ್ ಅದರ ಮೇಲೆ ತನ್ನ ಪಾಲನ್ನೂ ಕಳೆಯುತ್ತದೆ. ನಮಗೆ ಹಾಕಿದ್ದು ಶುದ್ಧ ತಾಮ್ರದ ತಂತಿಯಲ್ಲ, ಉಕ್ಕಿನ ತಂತಿಗೆ ತಾಮ್ರದ ಲೇಪ ಕೊಟ್ಟದ್ದು. ತುದಿಯನ್ನು ಸುಲಿದು ಅಯಸ್ಕಾಂತ ಹಿಡಿದರೆ ತಂತಿ ಅಂಟಿಕೊಂಡಿತು. ಈ ಪರೀಕ್ಷೆಯನ್ನು ಸಾಮಾನು ಇಳಿಸುವಾಗಲೇ ಯಾರು ಬೇಕಾದರೂ ಮಾಡಿಕೊಳ್ಳಬಹುದು. ಉಕ್ಕಿನ ತಂತಿಯಲ್ಲಿ ಚಿತ್ರದ ಸಿಗ್ನಲ್ ಹೇಗೋ ಸಾಗುತ್ತದೆ, ಏಕೆಂದರೆ ಅದು ಹರಿಯುವುದು ತಂತಿಯ ಮೇಲ್ಮೈಯಲ್ಲಿ. ಆದರೆ ಬಾಕ್ಸ್ ಮೇಲಕ್ಕೆ ಕಳಿಸುವ 18 ವೋಲ್ಟ್ ಉದ್ದದ ದಾರಿಯಲ್ಲಿ ಕುಗ್ಗಿ ಎಲ್‌ಎನ್‌ಬಿಯನ್ನು ಮುಟ್ಟುವಾಗ 13ರ ಸಮೀಪಕ್ಕೆ ಬಂದರೆ, ಅಡ್ಡ ಅಲೆ ಕೇಳಿದವರಿಗೆ ಲಂಬ ಅಲೆಯೇ ಬರುತ್ತದೆ. ತಮ್ಮನ ಮಲಗುವ ಕೋಣೆ ಎಲ್ಲಕ್ಕಿಂತ ದೂರದ್ದು, ಅಲ್ಲಿ ಅರ್ಧದಷ್ಟು ಚಾನೆಲ್‌ಗಳು ಒಂದು ದಿನವೂ ಬರಲಿಲ್ಲ. ಇದನ್ನು ಎಳೆದು ಬೇರೆ ಕೇಬಲ್ ಹಾಕೋಣವೆಂದರೆ ಹಲವು ಕಡೆ ಪೈಪನ್ನೇ ಇಡದೆ ಕೇಬಲ್ಲನ್ನು ನೇರವಾಗಿ ಗಾರೆಯಲ್ಲಿ ಹೂತಿದ್ದರು, ಪೈಪ್ ಇದ್ದ ಕಡೆ ಕರೆಂಟಿನ ತಂತಿಯೂ ಅದರಲ್ಲೇ ಇತ್ತು. ಎರಡನೆಯದು ಬರೀ ಟಿವಿಯ ತೊಂದರೆಯಲ್ಲ, ಜೀವಕ್ಕೆ ಅಪಾಯ.

ಇದೆಲ್ಲ ಬಯಲಾದ ಮೇಲೆ ಅಂಗಡಿಯವರು ಸೂಚಿಸಿದ ಪರಿಹಾರ ಇನ್ನೂ ವಿಚಿತ್ರವಾಗಿತ್ತು: ಮೆಟ್ಟಿಲ ಕೆಳಗೆ ಒಂದೇ ಸೆಟ್ ಟಾಪ್ ಬಾಕ್ಸ್ ಇಟ್ಟು, ಅದರ ಎಚ್‌ಡಿಎಂಐ ಹೊರದಾರಿಗೆ ಸ್ಪ್ಲಿಟರ್ ಹಾಕಿ ಎಲ್ಲ ಟಿವಿಗಳಿಗೂ ಹಂಚುವುದು. ಹಾಗೆ ಮಾಡಿದರೆ ಎಲ್ಲ ಕೋಣೆಯಲ್ಲೂ ಒಂದೇ ಚಿತ್ರ ಬರುತ್ತದೆ, ಚಾನೆಲ್ ಬದಲಿಸಬೇಕಾದವರು ಮೆಟ್ಟಿಲಿನ ಹತ್ತಿರಕ್ಕೆ ಬರಬೇಕಾಗುತ್ತದೆ. ‘ಬಿಲ್ ಒಂದೇ’ ಎಂಬ ಆಶ್ವಾಸನೆಯ ಅಸಲಿ ಅರ್ಥ ನಮಗೆ ಆಗ ತಿಳಿಯಿತು. ಖರೀದಿಗೆ ಮೊದಲು ಅವರು ನಮ್ಮನ್ನು ಒಂದು ಲಾಡ್ಜಿಗೆ ಕರೆದುಕೊಂಡು ಹೋಗಿ, ಕೋಣೆಯಲ್ಲಿ ಬಾಕ್ಸೇ ಇಲ್ಲದೆ ಬೇಕಾದ ಚಾನೆಲ್ ಬರುವುದನ್ನು ತೋರಿಸಿದ್ದರು. ಲಾಡ್ಜಿನ ವ್ಯವಸ್ಥೆಯಲ್ಲಿ ಪ್ರತಿ ಚಾನೆಲ್‌ಗೂ ಒಂದೊಂದು ರಿಸೀವರ್ ಮತ್ತು ಅವೆಲ್ಲವನ್ನೂ ಒಂದೇ ಕೇಬಲ್ಲಿಗೆ ಸೇರಿಸುವ ಮಾಡ್ಯುಲೇಟರ್‌ಗಳು ಒಂದು ಕೋಣೆಯ ತುಂಬ ಇರುತ್ತವೆ, ಅದರ ಚಂದಾ ಕೂಡ ವಾಣಿಜ್ಯ ದರದ್ದು ಎಂಬುದನ್ನು ಮಾತ್ರ ಹೇಳಲಿಲ್ಲ.

ಚಂದಾ ವಿಷಯದಲ್ಲಿ ಗೊಂದಲ ಬೇಡ. ಒಬ್ಬೊಬ್ಬರು ಬೇರೆ ಬೇರೆ ಪಾವತಿ ಚಾನೆಲ್ ನೋಡಬೇಕಾದರೆ ಪ್ರತಿ ಟಿವಿಗೂ ಬಾಕ್ಸ್ ಬೇಕು, ಪ್ರತಿ ಬಾಕ್ಸಿಗೂ ಕಂಪನಿಯಲ್ಲಿ ನೋಂದಣಿ ಬೇಕು. ಮಲ್ಟಿಸ್ವಿಚ್ ಹಂಚುವುದು ಸಿಗ್ನಲ್ಲನ್ನೇ ಹೊರತು ಚಂದಾವನ್ನಲ್ಲ. ಒಂದೇ ಮನೆಯ ಎರಡನೆಯ ಟಿವಿಯಿಂದ ಮೊದಲ್ಗೊಂಡು ನೆಟ್‌ವರ್ಕ್ ಶುಲ್ಕ (ಚಾನೆಲ್‌ಗಳ ದರವಲ್ಲದೆ ಕನೆಕ್ಷನ್‌ಗೆಂದು ಕಂಪನಿ ಪಡೆಯುವ ಹಣ) ಮೊದಲನೆಯದರ ಶೇ. 40ನ್ನು ಮೀರಬಾರದೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2020ರಲ್ಲಿ ನಿಯಮ ಮಾಡಿತ್ತು. 2024ರ ಜುಲೈನಲ್ಲಿ ಈ ಶುಲ್ಕದ ಮೇಲಿದ್ದ ಮಿತಿಯನ್ನು ತೆಗೆದು ದರವನ್ನು ಕಂಪನಿಗಳಿಗೇ ಬಿಟ್ಟಿದೆ, ಆದ್ದರಿಂದ ಎರಡನೆಯ ಕನೆಕ್ಷನ್‌ಗೆ ಎಷ್ಟು ಎಂದು ನಿಮ್ಮ ಕಂಪನಿಯನ್ನೇ ಕೇಳಿ. ತಾಯಿಯವರ ಕೋಣೆಗೆ ನಾವು ಕೊನೆಗೆ ಡಿಡಿ ಫ್ರೀ ಡಿಶ್ ಹಾಕಿಸಿದೆವು. ಅದಕ್ಕೆ ತಿಂಗಳ ಚಂದಾ ಇಲ್ಲ, ಚಂದನ ಬರುತ್ತದೆ, ಮಕ್ಕಳ ಕಾರ್ಟೂನಿಗೂ ಅದಕ್ಕೂ ಸಂಬಂಧವಿಲ್ಲ.

ಈಗಷ್ಟೇ ಕಟ್ಟಿಸುತ್ತಿರುವವರು ಟಿವಿ ಕೇಬಲ್ಲಿಗೆಂದೇ ಕರೆಂಟಿನದಕ್ಕಿಂತ ಬೇರೆಯಾದ ಪೈಪನ್ನು ಪ್ರತಿ ಕೋಣೆಯಿಂದ ಮೆಟ್ಟಿಲ ಕೆಳಕ್ಕೂ, ಅಲ್ಲಿಂದ ತಾರಸಿಗೂ ಎಳೆಸಿ, ತಾರಸಿಯ ಪೈಪಿನಲ್ಲಿ ಕನಿಷ್ಠ ನಾಲ್ಕು ಕೇಬಲ್ ಹಿಡಿಯುವಷ್ಟು ಅಗಲವಿರಲಿ. ಮನೆಯಲ್ಲಿ ಎರಡೋ ಮೂರೋ ಟಿವಿ ಮಾತ್ರ ಇರುವುದಾದರೆ ಸೆಂಟ್ರಲ್ ಯೂನಿಟ್ಟಿನ ಗೊಡವೆಯೇ ಬೇಡ, ನಾಲ್ಕು ಬಾಯಿಯ ಕ್ವಾಡ್ ಎಲ್‌ಎನ್‌ಬಿ ಹಾಕಿಸಿ ಒಂದೊಂದು ಟಿವಿಗೆ ಒಂದೊಂದು ಕೇಬಲ್ ನೇರವಾಗಿ ಇಳಿಸಿದರೆ ಸಾಕು. ಮಲ್ಟಿಸ್ವಿಚ್ ಬೇಕೆನಿಸಿದರೆ ಕೊಟೇಶನ್‌ನಲ್ಲಿ ಅದರ ಮಾಡೆಲ್ ಸಂಖ್ಯೆ, 950–2150 ಮೆಗಾಹರ್ಟ್ಜ್ ಎಂಬ ವ್ಯಾಪ್ತಿ, ಕೇಬಲ್ ಶುದ್ಧ ತಾಮ್ರದ್ದು ಎಂಬ ಮಾತು ಮೂರನ್ನೂ ಬರೆಸಿ, ಎಲ್ಲ ಟಿವಿಗಳಲ್ಲಿ ಬೇರೆ ಬೇರೆ ಚಾನೆಲ್ ಒಟ್ಟಿಗೆ ಹಾಕಿ ತೋರಿಸಿದ ಮೇಲೆಯೇ ಉಳಿದ ಹಣ ಕೊಡಿ. ಜಿಎಸ್‌ಟಿ ಬಿಲ್ ಇಲ್ಲದೆ ಕೆಲಸ ಮಾಡುತ್ತೇವೆ ಎಂದವರನ್ನು ಬಾಗಿಲಿಂದಲೇ ಕಳಿಸಿ. ನಮ್ಮ ಬಳಿ ಬಿಲ್ ಇದ್ದುದರಿಂದ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಲು ಸಾಧ್ಯವಾಯಿತು, ಅದಾದ ಮೇಲೆ ಅಂಗಡಿಯವರು ಯೂನಿಟ್ಟಿನ ಹಣವನ್ನು ಮರಳಿಸಿದರು. ಗೋಡೆ ಒಡೆಸಿದ ಖರ್ಚಿನ ಮಾತೆತ್ತಿದರೆ ಫೋನ್ ಎತ್ತುತ್ತಿಲ್ಲ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರಿಗೆ ಶುಲ್ಕವಿಲ್ಲದಿರುವುದರಿಂದ, ಅಯಸ್ಕಾಂತಕ್ಕೆ ಅಂಟಿದ ಆ ಕೇಬಲ್ ತುಂಡನ್ನೂ ಸ್ಪ್ಲಿಟರಿನ ಫೋಟೋವನ್ನೂ ಕೊಟೇಶನ್ ಜೊತೆಗೆ ಸೇರಿಸಿ ಅಲ್ಲಿಗೆ ಅರ್ಜಿ ಸಿದ್ಧಪಡಿಸುತ್ತಿದ್ದೇವೆ.