100ರಲ್ಲಿ 37 ಕಳೆಯುವುದು: ಹಲಗೆ, ಗಣಿತ ಕಿಟ್, ಮಕ್ಕಳ ಸಂತೆ

ನಮ್ಮದು ತಿಪಟೂರು ಕಡೆಯ ಒಂದು ಹಳ್ಳಿಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ನಾಲ್ಕು ಮತ್ತು ಐದನೇ ತರಗತಿಯ ಗಣಿತ ನನ್ನ ಪಾಲಿಗೆ. ಮೂರು ವರ್ಷದಿಂದ ಒಂದೇ ಪಾಠವನ್ನು ಮೂರು ದಾರಿಯಲ್ಲಿ ಕಲಿಸಿ ನೋಡಿದ್ದೇನೆ. ಒಂದು, ಹಲಗೆ ಮೇಲೆ ಲೆಕ್ಕ ಹಾಕಿಸುವುದು. ಇನ್ನೊಂದು ಗಣಿತ ಕಿಟ್. ಮೂರನೆಯದು ಮಕ್ಕಳ ಸಂತೆ, ಅಂದರೆ ಶಾಲೆಯಲ್ಲೇ ಮಕ್ಕಳು ಅಂಗಡಿ ಇಟ್ಟು ನಿಜವಾದ ದುಡ್ಡಿಗೆ ಮಾರುವುದು. ಕೆಲವು ಕಡೆ ಇದನ್ನೇ ಮೆಟ್ರಿಕ್ ಮೇಳ ಅಂತಾರೆ. ಯಾವುದು ಒಳ್ಳೆಯದು ಅಂತ ಅಕ್ಕಪಕ್ಕದ ಶಾಲೆಯವರು ಕೇಳುತ್ತಿರುತ್ತಾರೆ. ಅವರಿಗಾಗಿ ಇದನ್ನು ಬರೆದಿದ್ದೇನೆ.

ಪಾಠ ದಶಕ ಸಹಿತ ವ್ಯವಕಲನ. ಅಂದರೆ ಕಡ ತಗೊಂಡು ಕಳೆಯುವ ಲೆಕ್ಕ. ಮೇಲಿನ ಸಂಖ್ಯೆಯಲ್ಲಿ ಸೊನ್ನೆ ಬಂದರಂತೂ ಮಕ್ಕಳು ಒದ್ದಾಡಿಬಿಡುತ್ತಾರೆ. 100ರಲ್ಲಿ 37 ಕಳೆಯಿರಿ ಅಂತ ಹಲಗೆ ಮೇಲೆ ಬರೆದರೆ, ಮೊದಲ ವರ್ಷ ಎಷ್ಟೋ ಮಕ್ಕಳ ಪುಸ್ತಕದಲ್ಲಿ ಉತ್ತರ 137 ಅಂತ ಇತ್ತು. ಹೇಗೆ ಬಂತು ಅಂತ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಕೇಳಿದೆ. ಸೊನ್ನೆಯಲ್ಲಿ ಏಳು ಹೋಗಲ್ಲ, ಹಾಗಾಗಿ ಏಳರಲ್ಲಿ ಸೊನ್ನೆ ಕಳೆದಿದ್ದರು. ಸೊನ್ನೆಯಲ್ಲಿ ಮೂರೂ ಹೋಗಲ್ಲ, ಮೂರರಲ್ಲಿ ಸೊನ್ನೆ ಕಳೆದಿದ್ದರು. ಪಕ್ಕದ ಒಂದನ್ನು ಹಾಗೇ ಕೆಳಗಿಳಿಸಿದ್ದರು. ಮಕ್ಕಳು ದಡ್ಡತನದಿಂದ ಮಾಡಿದ್ದಲ್ಲ ಇದು. ದೊಡ್ಡದರಲ್ಲಿ ಚಿಕ್ಕದನ್ನು ಕಳೆಯಬೇಕು ಅಂತ ನಾವೇ ಹೇಳಿಕೊಟ್ಟಿದ್ದೆವು, ಅದನ್ನೇ ಪಾಲಿಸಿದ್ದರು.

ಆ ವರ್ಷ ಪೂರ್ತಿ ಹಲಗೆಯಲ್ಲೇ ಕಲಿಸಿದೆ. ಹಲಗೆಯ ಗುಣ ಏನೆಂದರೆ ಯಾವ ಸಿದ್ಧತೆಯೂ ಬೇಡ. 40 ನಿಮಿಷದ ಒಂದು ಪೀರಿಯಡ್‌ನಲ್ಲಿ ಹತ್ತು ಲೆಕ್ಕ ಮಾಡಿಸಬಹುದು. ಯಾರು ಎಲ್ಲಿ ತಪ್ಪಿದರು ಅಂತ ಅಲ್ಲೇ ಕಾಣುತ್ತದೆ. "ಹತ್ತರ ಮನೆಗೆ ಹೋಗಿ ಒಂದು ಕಡ ತಗೊ. ಅಲ್ಲೂ ಇಲ್ವಾ? ನೂರರ ಮನೆಗೆ ಹೋಗು" ಅಂತ ಕಥೆ ಕಟ್ಟಿ ಹೇಳಿದೆ. ಮಕ್ಕಳಿಗೆ ಕಥೆ ಬಾಯಿಪಾಠ ಆಯಿತು. ಲೆಕ್ಕವೂ ಸುಮಾರಾಗಿ ಬಂತು. ಆದರೆ ಒಂದು ತಿಂಗಳು ಬಿಟ್ಟು ಅದೇ ಲೆಕ್ಕ ಕೊಟ್ಟೆ. ಮತ್ತೆ 137. ಒಬ್ಬ ಹುಡುಗ ಎದ್ದು ನಿಂತು, "ಮಿಸ್, ಕಡ ತಗೊಂಡಿದ್ದು ವಾಪಸ್ ಯಾವಾಗ ಕೊಡೋದು?" ಅಂತ ಕೇಳಿದ. ನ್ಯಾಯವಾದ ಪ್ರಶ್ನೆ ಅಲ್ವಾ? ಅವತ್ತು ನನ್ನ ಹತ್ತಿರ ಉತ್ತರ ಇರಲಿಲ್ಲ.

ಎರಡನೇ ವರ್ಷ ಕಿಟ್ ಹಿಡಿದೆ. ಅಕ್ಷರ ಫೌಂಡೇಶನ್ ಮತ್ತು ಶಿಕ್ಷಣ ಇಲಾಖೆಯ ಗಣಿತ ಕಲಿಕಾ ಆಂದೋಲನದಲ್ಲಿ ಸರ್ಕಾರಿ ಶಾಲೆಗಳಿಗೆ ಬಂದ ಪೆಟ್ಟಿಗೆ ಇದು. ಇರುವುದೇ ನಾಲ್ಕು ಮತ್ತು ಐದನೇ ತರಗತಿಗೆ. ಎಷ್ಟೋ ಶಾಲೆಗಳಲ್ಲಿ ಬೀರುವಿನಲ್ಲೇ ಭದ್ರವಾಗಿದೆ, ದಯವಿಟ್ಟು ತೆಗೆಯಿರಿ. ಅದರಲ್ಲಿ ಬಿಡಿ, ಹತ್ತು, ನೂರು ತೋರಿಸುವ ಬ್ಲಾಕ್‌ಗಳಿವೆ. ನೂರರ ಚಪ್ಪಟೆ ತುಂಡನ್ನು ಕೊಟ್ಟು ಹತ್ತರ ಕಡ್ಡಿ ಹತ್ತು ತಗೊಳ್ಳಬೇಕು. ಅದರಲ್ಲಿ ಒಂದು ಕಡ್ಡಿ ಕೊಟ್ಟು ಹತ್ತು ಬಿಡಿ ತಗೊಳ್ಳಬೇಕು. ಈಗ ಕೈಯಲ್ಲಿ 9 ಕಡ್ಡಿ, 10 ಬಿಡಿ. ಅದರಲ್ಲಿ 3 ಕಡ್ಡಿ, 7 ಬಿಡಿ ತೆಗೆದಿಟ್ಟರೆ ಉಳಿಯುವುದು 63. ಸೊನ್ನೆಯ ಮೇಲೆ ಒಂಬತ್ತು ಯಾಕೆ ಬರೆಯುತ್ತೇವೆ ಅನ್ನುವುದು ಮಕ್ಕಳ ಕಣ್ಣಿಗೇ ಕಂಡಿತು. ಹಲಗೆಯಲ್ಲಿ ಅದನ್ನು ನಂಬಬೇಕಿತ್ತು, ಇಲ್ಲಿ ಎಣಿಸಿದರು.

ತೊಂದರೆಯೂ ಇದೆ. ನನ್ನ ಹತ್ತಿರ ಎರಡೂ ತರಗತಿ ಸೇರಿ 31 ಮಕ್ಕಳು. ಒಂದು ಗುಂಪಿಗೆ ಆರು ಮಕ್ಕಳಾದರೆ ಇಬ್ಬರು ಜೋಡಿಸುತ್ತಾರೆ, ನಾಲ್ಕು ಜನ ನೋಡುತ್ತಾರೆ. ತುಂಡುಗಳನ್ನು ಎಣಿಸಿ ಒಳಗಿಡಲು ಹತ್ತು ನಿಮಿಷ ಹೋಗುತ್ತದೆ. ಆದರೂ ಹಲಗೆಗಿಂತ ಕಿಟ್ ಎಷ್ಟೋ ಮೇಲು ಅಂತ ನಾನು ಧೈರ್ಯವಾಗಿ ಹೇಳುತ್ತೇನೆ.

ಇನ್ನು ಸಂತೆ. ಅದರ ಬಗ್ಗೆ ಹೇಳುವುದು ಜಾಸ್ತಿ ಇದೆ. ಮೊದಲೆರಡು ವರ್ಷ ಸಂತೆಯನ್ನು ಪಾಠವೆಲ್ಲ ಮುಗಿದ ಮೇಲೆ ಹಬ್ಬದ ಹಾಗೆ ಮಾಡುತ್ತಿದ್ದೆವು. ಎಸ್‌ಡಿಎಂಸಿಯವರು, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯವರು, ಶಾಮಿಯಾನ ಹಾಕಿಸುತ್ತಿದ್ದರು. ಮಕ್ಕಳು ಕೊತ್ತಂಬರಿ ಸೊಪ್ಪು, ನುಗ್ಗೆಕಾಯಿ, ನಿಂಬೆಹಣ್ಣು, ತೆಂಗಿನಕಾಯಿ, ಮಜ್ಜಿಗೆ, ಚುರುಮುರಿ ಇಟ್ಟುಕೊಂಡು ಕೂರುತ್ತಿದ್ದರು. ಊರಿನವರೆಲ್ಲ ಬಂದು ತಗೊಳ್ಳುತ್ತಿದ್ದರು. ನೋಡಲು ಬಹಳ ಚೆಂದ. ಲೆಕ್ಕ ಮಾತ್ರ ಕಡಿಮೆ. ಒಂದು, ದೊಡ್ಡವರು ಪ್ರೀತಿಯಿಂದ "ಚಿಲ್ಲರೆ ಇಟ್ಕೊ ಮಗಾ" ಅಂತ ಹೋಗಿಬಿಡುತ್ತಿದ್ದರು. ಅಲ್ಲಿಗೆ ಕಳೆಯುವ ಲೆಕ್ಕವೇ ಹೋಯಿತು. ಎರಡು, "ಸ್ಕ್ಯಾನರ್ ಇಲ್ವಾ?" ಅಂತ ಫೋನ್ ತೆಗೆಯುತ್ತಿದ್ದರು. ಮೂರು, ಅಪ್ಪ ಅಮ್ಮ ಹಿಂದೆಯೇ ನಿಂತು ಲೆಕ್ಕ ಹೇಳಿಕೊಡುತ್ತಿದ್ದರು. ಇದಕ್ಕಿಂತ ಬೇಸರದ್ದು ಇನ್ನೊಂದು. ಕೂಲಿಗೆ ಹೋಗುವ ಮನೆಯ ಮಕ್ಕಳು ಏನೂ ತರಲಾಗದೆ ಸುಮ್ನೆ ಗೋಡೆಗೊರಗಿ ನಿಂತಿದ್ದರು. ಅದನ್ನು ನೋಡಿ ನನಗೆ ಎರಡು ದಿನ ಸಮಾಧಾನ ಇರಲಿಲ್ಲ.

ಮೂರನೇ ವರ್ಷ ಎರಡು ಬದಲಾವಣೆ ಮಾಡಿದೆ. ಸಂತೆಯನ್ನು ಪಾಠ ಶುರು ಮಾಡುವ ಮೊದಲೇ ಇಟ್ಟೆ. ಶನಿವಾರ ಸಂತೆ, ಸೋಮವಾರದಿಂದ ಪಾಠ. ಜೊತೆಗೆ ನಿಯಮ ಹಾಕಿದೆವು. ಇಬ್ಬಿಬ್ಬರಿಗೆ ಒಂದು ಅಂಗಡಿ. ಯಾವ ಅಂಗಡಿಗೂ 50 ರೂಪಾಯಿಗಿಂತ ಜಾಸ್ತಿ ಬಂಡವಾಳ ಇಲ್ಲ. ತರಲಾಗದವರಿಗೆ ಶಾಲೆಯ ಕೈತೋಟದ ಕರಿಬೇವು, ನುಗ್ಗೆಸೊಪ್ಪು. ಕೊಳ್ಳುವವರು ನೋಟು ತರಬೇಕು, ಚಿಲ್ಲರೆ ಎಣಿಸಿ ವಾಪಸ್ ತಗೊಳ್ಳಲೇಬೇಕು.

ಅವತ್ತು ನಡೆದಿದ್ದನ್ನು ಹೇಳಲೇಬೇಕು. ವಾರದ ಸಂತೆಯಲ್ಲಿ ಸೊಪ್ಪು ಮಾರುವ ತಾಯಿಯೊಬ್ಬರ ಮಗಳು ನನ್ನ ತರಗತಿಯಲ್ಲಿದ್ದಾಳೆ. ಹಲಗೆ ಲೆಕ್ಕದಲ್ಲಿ ಹಿಂದೆ. ಒಬ್ಬರು 37 ರೂಪಾಯಿ ಸಾಮಾನು ತಗೊಂಡು 100ರ ನೋಟು ಕೊಟ್ಟರು. ಈ ಹುಡುಗಿ ನೋಟನ್ನು ಮಡಿಸಿ ಡಬ್ಬಿಗೆ ಹಾಕಲಿಲ್ಲ, ಮೊಣಕಾಲ ಕೆಳಗೆ ಇಟ್ಟುಕೊಂಡಳು. ಚಿಲ್ಲರೆ ಕೊಟ್ಟು ಮುಗಿಯುವವರೆಗೂ ಕಣ್ಣಿಗೆ ಕಾಣುತ್ತಿರಬೇಕು, ಅವರಮ್ಮ ಹೇಳಿಕೊಟ್ಟಿದ್ದು. ಆಮೇಲೆ ಒಂದೊಂದೇ ಕೈಗಿಟ್ಟಳು. "ಮೂವತ್ತೇಳು. ಇಕೋ ಮೂರು, ನಲವತ್ತಾಯ್ತು. ಇಕೋ ಹತ್ತು, ಐವತ್ತಾಯ್ತು. ಇಕೋ ಐವತ್ತು, ನೂರಾಯ್ತು." ಒಂದು ಸಲವೂ ಕಳೆಯಲಿಲ್ಲ. ಕೂಡಿಕೊಂಡೇ ಹೋದಳು. ಕೊಟ್ಟಿದ್ದು ಸರಿಯಾಗಿ 63.

ಸೋಮವಾರ ಹಲಗೆ ಮೇಲೆ ಬೇಕೆಂದೇ 137 ಅಂತ ಉತ್ತರ ಬರೆದೆ. ತರಗತಿ ಗೊಳ್ಳೆಂದು ನಕ್ಕಿತು. "ನೂರು ಈಸ್ಕೊಂಡು ನೂರಾ ಮೂವತ್ತೇಳು ಕೊಟ್ರೆ ಅಂಗಡಿ ಮುಚ್ಚಬೇಕಾಯ್ತದೆ ಮಿಸ್" ಅಂದ ಒಬ್ಬ. ಹಿಂದಿನ ವರ್ಷಗಳಲ್ಲಿ ಇದೇ ಉತ್ತರವನ್ನು ಯಾವ ಮಗುವೂ ಅನುಮಾನದಿಂದ ನೋಡಿರಲಿಲ್ಲ.

ಆಮೇಲೆ ಕಿಟ್ ತೆಗೆದೆ. ಈ ಸಲ "ಕಡ" ಅನ್ನುವ ಮಾತನ್ನೇ ಬಿಟ್ಟೆ. "ನೂರಕ್ಕೆ ಚಿಲ್ಲರೆ ಮಾಡಿಸಿ" ಅಂದೆ. ನೂರರ ತುಂಡಿಗೆ ಹತ್ತರ ಕಡ್ಡಿ ಹತ್ತು, ನೋಟಿಗೆ ಚಿಲ್ಲರೆ ಸಿಕ್ಕ ಹಾಗೇ ಸಿಕ್ಕಿತು. ಚಿಲ್ಲರೆ ಮಾಡಿಸಿದರೆ ದುಡ್ಡು ಕಮ್ಮಿಯಾಗಲ್ಲ, ಯಾರಿಗೂ ವಾಪಸ್ ಕೊಡಬೇಕಾಗಿಲ್ಲ. ಮೊದಲ ವರ್ಷದ ಆ ಹುಡುಗನ ಪ್ರಶ್ನೆಗೆ ಉತ್ತರ ಇದರಲ್ಲೇ ಇತ್ತು. ಅವನು ಈಗ ಹೈಸ್ಕೂಲಿಗೆ ಹತ್ತಿರವಾಗಿದ್ದಾನೆ, ಕಾರಿಡಾರಿನಲ್ಲಿ ನಿಲ್ಲಿಸಿ ಹೇಳಿದೆ.

ಸಂತೆಯಿಂದ ಎಲ್ಲ ಆಗುತ್ತದೆ ಅಂತ ಮಾತ್ರ ತಿಳಿಯಬೇಡಿ. ಚಿಲ್ಲರೆಯಲ್ಲಿ ಚುರುಕಾಗಿದ್ದ ಅದೇ ಹುಡುಗಿಗೆ 4005ರಲ್ಲಿ 1268 ಕಳೆಯುವುದು ಬರಲಿಲ್ಲ. ಅಷ್ಟು ದೊಡ್ಡ ಸಂಖ್ಯೆಗೆ ಬರೆದು ಮಾಡುವ ಅಭ್ಯಾಸ ಬೇಕೇ ಬೇಕು. ಅದಕ್ಕೆ ಹಲಗೆ ಮತ್ತು ಪುಸ್ತಕಕ್ಕೆ ಸಮ ಯಾವುದೂ ಇಲ್ಲ. ಸಂತೆಗೆ ಒಂದು ವಾರದ ಓಡಾಟವೂ ಇದೆ. ವರ್ಷಕ್ಕೆ ಎರಡಕ್ಕಿಂತ ಜಾಸ್ತಿ ನನ್ನ ಕೈಲಿ ಆಗಲ್ಲ.

ಅಳತೆಯ ಪಾಠದಲ್ಲಿ ಮಾತ್ರ ಸಂತೆ ಉಳಿದೆರಡನ್ನೂ ಹಿಂದೆ ಹಾಕಿತು. ಹೂವಿನ ಅಂಗಡಿ ಇಟ್ಟಿದ್ದ ಹುಡುಗ ತನ್ನ ಮೊಳದಲ್ಲಿ ಅಳೆದು ಕೊಟ್ಟ. ಕೊಂಡ ಅಕ್ಕ ತಮ್ಮ ಕೈಯಲ್ಲಿ ಅಳೆದು, "ಇದು ಮೊಳ ಇಲ್ಲ ಕಣೋ, ಮುಕ್ಕಾಲಾಗ್ತದೆ" ಅಂದರು. ಇಬ್ಬರೂ ಬಿಡಲಿಲ್ಲ. ಜನ ಸೇರಿದರು. ನಾನು ಕಿಟ್‌ನ ಟೇಪು ತಂದು ಕೊಟ್ಟೆ. ಹುಡುಗನ ಮೊಳ 34 ಸೆಂಟಿಮೀಟರ್. ಅಕ್ಕನದು 44. ಮೀಟರ್ ಯಾಕೆ ಬೇಕು ಅನ್ನುವ ಪಾಠವನ್ನು ಆ ವರ್ಷ ನಾನು ಬೇರೆಯಾಗಿ ಮಾಡಲಿಲ್ಲ. ಮಾಡುವ ಅಗತ್ಯವೇ ಬರಲಿಲ್ಲ.

ಹಾಗಾದರೆ ಯಾವುದು ಹಿಡಿಯಬೇಕು? ಸಮಯ ಇಲ್ಲ, ಒಂದೇ ದಾರಿ ಸಾಧ್ಯ ಅನ್ನುವವರು ಕಿಟ್ ಹಿಡಿಯಿರಿ. ಸಂತೆ ಮಾಡುವುದೇ ಆದರೆ ಪಾಠದ ಮೊದಲು ಮಾಡಿ. ಕೊನೆಯಲ್ಲಿ ಮಾಡಿದರೆ ಅದು ಫೋಟೋಗೆ ಮುಗಿದುಹೋಗುತ್ತದೆ. ಶಾಮಿಯಾನ ಬೇಡ, ಬೇವಿನ ಮರದ ನೆರಳು ಸಾಕು. ಮೂರನ್ನೂ ಮಾಡುವವರಿಗೆ ನನ್ನ ಕ್ರಮ: ಸಂತೆ, ಆಮೇಲೆ ಕಿಟ್, ಕೊನೆಗೆ ಹಲಗೆ.

ಈ ವರ್ಷ ಐದನೇ ತರಗತಿಗೆ ಭಿನ್ನರಾಶಿಯನ್ನೂ ಹೀಗೇ ಶುರು ಮಾಡಬೇಕು ಅಂದುಕೊಂಡಿದ್ದೇನೆ. ಕಳೆದ ಸಂತೆಯಲ್ಲಿ ಅಜ್ಜಿಯೊಬ್ಬರು ನಿಂಬೆಹಣ್ಣಿನ ಚೌಕಾಸಿ ಮಾಡುತ್ತಾ "ನಾಲ್ಕಾಣೆ ಬಿಡು" ಅಂದರು. ಮಕ್ಕಳು ಮುಖಮುಖ ನೋಡಿಕೊಂಡರು. ನಾಲ್ಕಾಣೆ ಅಂತ ಕರೆಯುತ್ತಿದ್ದ 25 ಪೈಸೆ ನಾಣ್ಯ 2011ರಲ್ಲೇ ಚಲಾವಣೆಯಿಂದ ಹೋಯಿತು, ಇವರು ಹುಟ್ಟುವ ಮೊದಲೇ. 1957ರವರೆಗೆ ರೂಪಾಯಿಗೆ 16 ಆಣೆ ಇತ್ತು. ನಾಲ್ಕಾಣೆ ಅಂದರೆ 16ರಲ್ಲಿ 4, ಅಂದರೆ ಕಾಲು. ಎಂಟಾಣೆ ಅರ್ಧ, ಹನ್ನೆರಡಾಣೆ ಮುಕ್ಕಾಲು. ಸಮಾನ ಭಿನ್ನರಾಶಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಯಾವ ಪುಸ್ತಕದಲ್ಲೂ ಸಿಕ್ಕಿಲ್ಲ. ಒಂದು ಶನಿವಾರ ತರಗತಿಗೆ ಬಂದು ಆಣೆ ಲೆಕ್ಕ ಹೇಳಿಕೊಡಿ ಅಂತ ಅಜ್ಜಿಯನ್ನು ಕೇಳಿದ್ದೇನೆ. ತೋಟದಲ್ಲಿ ಕಾಯಿ ಕೆಡವುವುದು ಮುಗಿಯಲಿ, ಬರ್ತೀನಿ ಅಂದಿದ್ದಾರೆ.