ಅಡ್ವಾನ್ಸ್ ಕೊಡೋ ಮುಂಚೆ ಓದಿ: ಬೆದರಿಸುವ ಓನರ್ ಮನೆಯಲ್ಲಿ ನಾವು ಪಟ್ಟ ಪಾಡು

ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕುತ್ತಿರುವವರಿಗೆ ಇದನ್ನು ಬರೆಯುತ್ತಿದ್ದೇನೆ. ಅದರಲ್ಲೂ ಓನರ್ ಕೆಳಗೆ, ಬಾಡಿಗೆಯವರು ಮೇಲೆ ಇರುವಂಥ ಮನೆಗೆ ಹೋಗುವವರು ದಯವಿಟ್ಟು ಪೂರ್ತಿ ಓದಿ. ಓನರ್ ಹೆಸರು, ಅಡ್ರೆಸ್ ಹಾಕುವುದಿಲ್ಲ. ನಾಗರಭಾವಿ ಕಡೆ ಅಂದರೆ ಸಾಕು. ಇಂಥವರು ಎಲ್ಲಾ ಏರಿಯಾದಲ್ಲೂ ಸಿಗುತ್ತಾರೆ ಬಿಡಿ. ಒಳ್ಳೆಯವರೂ ಇದ್ದಾರೆ. ಇದಕ್ಕೆ ಮುಂಚೆ ನಾವಿದ್ದ ಮನೆಯ ಅಜ್ಜಿ ಹಬ್ಬಕ್ಕೆ ಒಬ್ಬಟ್ಟು ಕಳಿಸುತ್ತಿದ್ದರು, ಖಾಲಿ ಮಾಡಿದ ದಿನವೇ ಅಡ್ವಾನ್ಸ್ ಎಣಿಸಿ ಕೈಗಿಟ್ಟಿದ್ದರು.

ಮನೆ ಎರಡು ಬೆಡ್‌ರೂಮಿನದು, ಎರಡನೇ ಮಹಡಿ. ಬಾಡಿಗೆ 16,000, ಅಡ್ವಾನ್ಸ್ ಒಂದೂವರೆ ಲಕ್ಷ. ಹನ್ನೊಂದು ತಿಂಗಳ ಅಗ್ರಿಮೆಂಟ್, ರಿನ್ಯೂ ಮಾಡುವಾಗ ಶೇಕಡಾ 5 ಜಾಸ್ತಿ. ಎಲ್ಲಾ ಮಾಮೂಲಿ ಷರತ್ತುಗಳೇ. ಮನೆ ತೋರಿಸುವಾಗ ಓನರ್ ತುಂಬಾ ಮರ್ಯಾದೆಯಿಂದ ಮಾತಾಡಿದರು. ನಮ್ಮ ಅತ್ತೆಯನ್ನು ‘ಅಮ್ಮ’ ಅಂತಲೇ ಕರೆದರು. ನಾವು ಚಿತ್ರದುರ್ಗದ ಕಡೆಯವರು ಅಂದಾಗ ‘ಒಳ್ಳೆ ಜನ ಬಿಡಿ’ ಅಂದರು.

ಅಗ್ರಿಮೆಂಟ್ ಮುಗಿಯೋಕೆ ಇನ್ನೂ ಟೈಮ್ ಇರುವಾಗಲೇ ಒಂದು ಸಂಜೆ ಬಂದು, ಮುಂದಿನ ತಿಂಗಳಿಂದ ಇಪ್ಪತ್ತು ಸಾವಿರ ಕೊಡಿ ಅಂದರು. ಔಟರ್ ರಿಂಗ್ ರೋಡ್ ಮೇಲೆ ಮೆಟ್ರೋ ಬರುತ್ತದೆ, ರೇಟ್ ಎಲ್ಲಾ ಏರಿದೆ ಅನ್ನೋದು ಅವರ ವಾದ. ಮೂರನೇ ಹಂತದ ಮೆಟ್ರೋಗೆ 2024ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟದ್ದು ನಿಜ. ಆದರೆ ನಮ್ಮ ಕಡೆ ಒಂದು ಕಂಬವೂ ಎದ್ದಿರಲಿಲ್ಲ. ಬರದ ಮೆಟ್ರೋಗೆ ತಿಂಗಳಿಗೆ ನಾಲ್ಕು ಸಾವಿರ ಟಿಕೆಟ್ ಯಾಕೆ ಕೊಡಬೇಕು? ನಮ್ಮ ಯಜಮಾನರು ‘ಅಗ್ರಿಮೆಂಟ್ ಮುಗಿಯಲಿ ಸಾರ್, ಆಮೇಲೆ ಮಾತಾಡೋಣ’ ಅಂತ ಸಮಾಧಾನವಾಗಿಯೇ ಹೇಳಿದರು. ಅವತ್ತಿಂದ ಶುರುವಾಯಿತು.

ಮೊದಲು ನೀರು. ಸಂಪಿನ ಮೋಟರ್ ಸ್ವಿಚ್ ಅವರ ಮನೆಯೊಳಗೆ. ಟೆರೇಸ್ ಬೀಗದ ಕೈ ಅವರ ಹತ್ತಿರ. ನಮ್ಮ ಮಹಡಿಗೆ ಬರುವ ಪೈಪಿನ ಗೇಟ್ ವಾಲ್ವ್ ಟೆರೇಸ್ ಮೇಲೆ, ಟ್ಯಾಂಕಿನ ಬುಡದಲ್ಲಿ. ಬೆಳಿಗ್ಗೆ ಮಗಳ ಸ್ಕೂಲ್ ಟೈಮಿಗೆ ಸರಿಯಾಗಿ ನೀರು ನಿಲ್ಲೋದು. ಅಕ್ಕಿ ಒಂದು ಸಲ ತೊಳೆದಿರುತ್ತೆ, ಎರಡನೇ ಸಲಕ್ಕೆ ನಲ್ಲಿ ಗೊರ ಗೊರ ಅಂದು ಗಾಳಿ ಬಿಡುತ್ತೆ. ಬಚ್ಚಲಲ್ಲಿ ಮಗಳು ತಲೆಗೆ ಸೀಗೆಪುಡಿ ಹಾಕಿಕೊಂಡು ‘ಅಮ್ಮಾ’ ಅಂತ ಕೂಗುತ್ತಿರುತ್ತಾಳೆ. ಕೆಳಗೆ ಹೋಗಿ ಕೇಳಿದರೆ ‘ಬೋರ್‌ವೆಲ್ ಬತ್ತಿದೆ ಮೇಡಂ, ಬೇಸಿಗೆ ಅಲ್ವಾ’ ಅನ್ನೋರು. ಹಾಗೆ ಹೇಳುವಾಗ ಅವರ ಮಗ ಕಾಂಪೌಂಡಿನಲ್ಲಿ ಪೈಪ್ ಹಿಡಿದು ಕಾರು ತೊಳೆಯುತ್ತಿದ್ದ. ಅತ್ತೆ ಸುಮ್ನೆ ಅವನನ್ನೇ ನೋಡುತ್ತಾ ನಿಂತರು. ಅವನೂ ಪೈಪ್ ಆಫ್ ಮಾಡಲಿಲ್ಲ, ಇವರೂ ಕದಲಲಿಲ್ಲ.

ಆಮೇಲೆ ಕರೆಂಟ್. ನಮ್ಮ ಮಹಡಿಯ ಮೀಟರಿನ ಆರ್‌ಆರ್ ನಂಬರನ್ನು (ಬಿಲ್ಲಿನಲ್ಲಿರುವ ಸಂಪರ್ಕದ ನಂಬರ್) ಗೃಹಜ್ಯೋತಿಗೆ ಅವರ ಮನೆಯವರ ಆಧಾರ್ ಹಾಕಿಯೇ ಜೋಡಿಸಿದ್ದರು. ಬಿಲ್ ಸೊನ್ನೆ ಬರುತ್ತಿತ್ತು. ಆದರೂ ನಮ್ಮಿಂದ ಯೂನಿಟ್‌ಗೆ ಒಂಬತ್ತು ರೂಪಾಯಿ. ಬೆಸ್ಕಾಂ ದರವೇ ಆರು ರೂಪಾಯಿಯ ಆಸುಪಾಸು ಇರುವಾಗ! ಗೃಹಜ್ಯೋತಿ ಬಾಡಿಗೆದಾರರಿಗೂ ಸಿಗುತ್ತದೆ, ಸರ್ಕಾರದ ಸೇವಾ ಸಿಂಧು ಪೋರ್ಟಲ್‌ನಲ್ಲಿ ಆರ್‌ಆರ್ ನಂಬರಿಗೆ ನಮ್ಮ ಆಧಾರ್ ಜೋಡಿಸಿಕೊಳ್ಳಬಹುದು. ಅದನ್ನು ಕೇಳಿದ್ದೇ ದೊಡ್ಡ ತಪ್ಪು ಅನ್ನೋ ಹಾಗೆ ಆಡಿದರು. ‘ನನ್ನ ಮನೆ ಮೀಟರಿಗೆ ನಿಮ್ಮ ಆಧಾರ್ ಹಾಕಿಸಿಕೊಂಡು ನಾಳೆ ಮನೆಯೇ ನಮ್ಮದು ಅಂತೀರಾ?’ ಅಂದರು. ಆಧಾರ್ ಜೋಡಿಸಿದರೆ ಮನೆ ಯಾರಿಗೂ ಬರಲ್ಲ. ಆದರೆ ಈ ಭಯ ಬೆಂಗಳೂರಿನ ಎಷ್ಟೋ ಓನರ್‌ಗಳಲ್ಲಿದೆ.

ನಮಗೆ ನಿಜವಾಗಲೂ ಹೆದರಿಕೆ ಹುಟ್ಟಿಸಿದ್ದು ಬೀಗದ ಕೈ. ಯಜಮಾನರು ಆಫೀಸಿಗೆ, ನಾನು ಮಗಳನ್ನು ಕರೆತರಲು ಹೋದ ಹೊತ್ತು. ಅತ್ತೆ ಒಬ್ಬರೇ ಒಳಗೆ ಮಲಗಿದ್ದರು. ಎದ್ದು ನೋಡಿದರೆ ಹಾಲ್‌ನಲ್ಲಿ ಓನರ್ ನಿಂತಿದ್ದಾರೆ. ಬೆಲ್ ಇಲ್ಲ, ಬಾಗಿಲು ತಟ್ಟಿಲ್ಲ. ಅವರ ಹತ್ತಿರ ಇನ್ನೊಂದು ಕೀ ಇತ್ತು. ‘ಗೋಡೆಗೆ ಎಷ್ಟು ಮೊಳೆ ಹೊಡೆದಿದೀರ ಅಂತ ನೋಡೋಕೆ ಬಂದೆ’ ಅಂದರಂತೆ. ಅತ್ತೆಗೆ ಬಿಪಿ ಇದೆ. ಆ ಸಂಜೆ ಅವರು ಊಟ ಮಾಡಲಿಲ್ಲ. ಮಾರನೇ ದಿನವೇ ಬಾಗಿಲಿನ ಲಾಕ್ ಸಿಲಿಂಡರ್ ಬದಲಾಯಿಸಿದೆವು. ಹಳೇದನ್ನು ಎತ್ತಿಟ್ಟುಕೊಂಡೆವು, ಖಾಲಿ ಮಾಡುವಾಗ ವಾಪಸ್ ಹಾಕಬೇಕಲ್ಲ.

ಅದು ಗೊತ್ತಾದ ಮೇಲೆ ಮುಖವಾಡ ಪೂರ್ತಿ ಕಳಚಿತು. ‘ನಾನು ಇಲ್ಲೇ ಹುಟ್ಟಿ ಬೆಳೆದವನು. ನಿಮ್ಮಂಥವರನ್ನ ಎಷ್ಟು ಜನಾನ ನೋಡಿಲ್ಲ? ಸ್ಟೇಷನ್‌ನಲ್ಲಿ ಎಲ್ಲಾ ನಮ್ಮವರೇ. ಹೆಂಗಸರು ಮಕ್ಕಳು ಇರೋ ಮನೆ, ಸ್ವಲ್ಪ ಯೋಚನೆ ಮಾಡಿ.’ ಈ ಕೊನೇ ಮಾತು ಹೇಳುವಾಗ ನಗುತ್ತಿದ್ದರು. ಅದಾಗಿ ಕೆಲವು ದಿನಕ್ಕೆ, ರಾತ್ರಿ ಹತ್ತರ ಮೇಲೆ, ಅವರ ಬಾಮೈದ ಇಬ್ಬರು ಹುಡುಗರನ್ನು ಕರೆದುಕೊಂಡು ಬಂದು ನಮ್ಮ ಬಾಗಿಲು ಬಡಿದ. ‘ಯಾವಾಗ ಖಾಲಿ ಮಾಡ್ತೀರ?’ ಅಂತ ಕಿರುಚಾಟ. ನಾವು ಬಾಗಿಲು ತೆಗೆಯಲಿಲ್ಲ. 112ಕ್ಕೆ ಫೋನ್ ಮಾಡಿದೆವು. ಪೊಲೀಸರ ಹೊಯ್ಸಳ ಗಾಡಿ ಬಂತು. ಗಾಡಿ ಲೈಟ್ ಬೀದಿ ತಿರುವಿನಲ್ಲಿ ಕಂಡಿದ್ದೇ ತಡ, ಆ ಹುಡುಗರು ಮೆಟ್ಟಿಲಲ್ಲೂ ಇಲ್ಲ, ಗೇಟಲ್ಲೂ ಇಲ್ಲ. ಓನರ್ ಮಾತ್ರ ಬನಿಯನ್ ಮೇಲೆ ಶಾಲು ಹೊದ್ದು ಬಂದು ‘ಏನಾಯ್ತು ಸಾರ್?’ ಅಂತ ಏನೂ ಅರಿಯದವರ ಹಾಗೆ ಕೇಳಿದರು.

ಇಷ್ಟಾದರೂ ಅಲ್ಲಿ ಯಾಕೆ ಇದ್ದಿರಿ ಅಂತ ಎಲ್ಲರೂ ಕೇಳುತ್ತಾರೆ. ನಮ್ಮ ಒಂದೂವರೆ ಲಕ್ಷ ಅವರ ಕೈಯಲ್ಲಿತ್ತು, ಅಷ್ಟೇ. ಅದಿಲ್ಲದೆ ಇನ್ನೊಂದು ಮನೆಗೆ ಅಡ್ವಾನ್ಸ್ ಕೊಡೋಕೆ ಎಲ್ಲಿಂದ ತರೋದು? ಅವರ ಧೈರ್ಯಕ್ಕೆ ಮೂಲ ಸ್ಟೇಷನ್ನೂ ಅಲ್ಲ, ಬಾಮೈದನೂ ಅಲ್ಲ, ನಮ್ಮದೇ ದುಡ್ಡು. ಎರಡು ತಿಂಗಳ ಅಡ್ವಾನ್ಸ್ ಮಾತ್ರ ಕೊಟ್ಟಿದ್ದರೆ ನೀರು ನಿಂತ ವಾರವೇ ಗಾಡಿ ಕರೆಸಿ ಹೊರಟುಬಿಡುತ್ತಿದ್ದೆವು. 2021ರಲ್ಲಿ ಕೇಂದ್ರ ತಂದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಡಿಪಾಸಿಟ್ ತಗೊಳ್ಳಬಾರದು ಅಂತಲೇ ಇದೆ. ಆದರೆ ಅದು ಬರೀ ಮಾದರಿ, ರಾಜ್ಯ ಅದನ್ನು ಕಾನೂನು ಮಾಡಿಕೊಂಡರೆ ಮಾತ್ರ ನಡೆಯುತ್ತದೆ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ರೂಢಿ ಹಾಗೇ ನಡೆದುಕೊಂಡು ಬಂದಿದೆ.

ಕರ್ನಾಟಕ ಬಾಡಿಗೆ ಕಾಯ್ದೆ, 1999 ಇದೆಯಲ್ಲ ಅಂತ ನಾನೂ ಖುಷಿಪಟ್ಟಿದ್ದೆ. ವಕೀಲರ ಹತ್ತಿರ ಹೋದಾಗ ಗೊತ್ತಾಯಿತು, ದೊಡ್ಡ ಊರುಗಳಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ದಾಟಿದ ಮನೆಗೆ ಅದು ಅನ್ವಯವೇ ಆಗಲ್ಲ. ಈಗ ಆ ದುಡ್ಡಿಗೆ ಬೆಂಗಳೂರಲ್ಲಿ ಬೈಕ್ ನಿಲ್ಲಿಸೋ ಜಾಗ ಸಿಕ್ಕರೆ ಪುಣ್ಯ. ಹಾಗಂತ ನಾವು ಬೀದಿಪಾಲಲ್ಲ. 1882ರ ಸ್ವತ್ತು ವರ್ಗಾವಣೆ ಕಾಯ್ದೆ ಇದೆ. ಅಗ್ರಿಮೆಂಟಿನಲ್ಲಿ ಬೇರೆ ಏನೂ ಬರೆದಿರದಿದ್ದರೆ ತಿಂಗಳ ಬಾಡಿಗೆಯವರಿಗೂ ಹದಿನೈದು ದಿನದ ನೋಟಿಸ್ ಕೊಡಲೇಬೇಕು. ನೋಟಿಸ್ ಕೊಟ್ಟ ಮೇಲೂ ನಾವು ಹೋಗದಿದ್ದರೆ ಓನರ್ ಕೋರ್ಟಿಗೆ ಹೋಗಬೇಕೇ ಹೊರತು ಸಾಮಾನು ಎತ್ತಿ ಹೊರಗೆ ಹಾಕುವ ಹಾಗಿಲ್ಲ. ಹಾಗೆ ಬಲವಂತವಾಗಿ ಹೊರಹಾಕಿದರೆ, ಆರು ತಿಂಗಳೊಳಗೆ ಕೋರ್ಟಿಗೆ ಹೋಗಿ ಮನೆಯ ಸ್ವಾಧೀನ ವಾಪಸ್ ಕೇಳಬಹುದು. ನೀರು ನಿಲ್ಲಿಸಿದರೆ ತಡೆಯಾಜ್ಞೆ ಕೇಳಬಹುದು.

ಸ್ಟೇಷನ್‌ನಲ್ಲಿ ಮೊದಲು ‘ಇದು ಸಿವಿಲ್ ಮ್ಯಾಟರ್, ನೀವೇ ಮಾತಾಡಿಕೊಳ್ಳಿ’ ಅಂದರು. ಅಡ್ವಾನ್ಸ್ ವಿಷಯ ಸಿವಿಲ್, ಸರಿ. ಆದರೆ ಬೆದರಿಕೆ ಹಾಕೋದು ಸಿವಿಲ್ ಅಲ್ಲ. ಭಾರತೀಯ ನ್ಯಾಯ ಸಂಹಿತೆಯ 351ನೇ ಕಲಂ ಬೆದರಿಕೆ ಬಗ್ಗೆಯೇ ಇದೆ. ದೂರನ್ನು ಬರೆದುಕೊಂಡು ಹೋಗಿ, ಎರಡು ಪ್ರತಿ ಇಟ್ಟು, ಹಿಂಬರಹ ಕೊಡಿ ಅಂತ ಅಲ್ಲೇ ಕೂತೆವು. ಎನ್‌ಸಿಆರ್, ಅಂದರೆ ಎಫ್‌ಐಆರ್ ಇಲ್ಲದೆ ದೂರು ದಾಖಲಿಸಿಕೊಂಡ ಪತ್ರ, ಮಾಡಿಕೊಟ್ಟರು. ಅದರಿಂದ ಯಾರೂ ಜೈಲಿಗೆ ಹೋಗಲಿಲ್ಲ. ಆದರೆ ಓನರ್‌ನ ಕರೆಸಿ ಮಾತಾಡಿದರು. ‘ಸ್ಟೇಷನ್‌ನಲ್ಲಿ ಎಲ್ಲಾ ನಮ್ಮವರೇ’ ಅನ್ನೋ ಮಾತು ಆಮೇಲೆ ಒಮ್ಮೆಯೂ ಕೇಳಲಿಲ್ಲ.

ನಮ್ಮನ್ನು ಕಾಪಾಡಿದ್ದು ಮಾತ್ರ ದಾಖಲೆ. ಅವರು ಬಾಯಲ್ಲಿ ಏನೇ ಹೇಳಿದರೂ ಅದೇ ದಿನ ನಾನು ವಾಟ್ಸಾಪ್‌ನಲ್ಲಿ ಬರೆದು ಹಾಕುತ್ತಿದ್ದೆ: ‘ಸಾರ್, ಇವತ್ತು ಬೆಳಿಗ್ಗೆ ಏಳರಿಂದ ನೀರಿಲ್ಲ, ದಯವಿಟ್ಟು ವಾಲ್ವ್ ಬಿಡಿಸಿ.’ ಅಷ್ಟೇ. ಬೈಗುಳವಿಲ್ಲ, ವಾದವಿಲ್ಲ. ಅವರು ಉತ್ತರ ಕೊಡುತ್ತಿರಲಿಲ್ಲ, ಆದರೆ ನೀಲಿ ಟಿಕ್ ಬೀಳುತ್ತಿತ್ತು. ಬಾಡಿಗೆ ಯಾವತ್ತೂ ಕ್ಯಾಶ್ ಕೊಡಲಿಲ್ಲ, ಬ್ಯಾಂಕ್‌ನಿಂದಲೇ ಹಾಕಿ ತಿಂಗಳ ಹೆಸರು ನಮೂದಿಸುತ್ತಿದ್ದೆವು. ಮೊದಲಿಂದಲೂ ಅವರಿಗೆ ಇದು ಇಷ್ಟವಿರಲಿಲ್ಲ. ವರ್ಷದ ಬಾಡಿಗೆ ಒಂದು ಲಕ್ಷ ದಾಟಿದರೆ ಸಂಬಳದ ಮನೆ ಬಾಡಿಗೆ ಭತ್ಯೆಯ (ಎಚ್‌ಆರ್‌ಎ) ತೆರಿಗೆ ಲೆಕ್ಕಕ್ಕೆ ಓನರ್ ಪ್ಯಾನ್ ನಂಬರ್ ಬೇಕು. ಅದನ್ನು ಕೇಳಿದಾಗ ಅವರ ಮುಖ ನೋಡಬೇಕಿತ್ತು.

ಎಷ್ಟೋ ಜನ ‘ಬಾಡಿಗೆ ನಿಲ್ಲಿಸಿಬಿಡಿ, ಅಡ್ವಾನ್ಸ್‌ನಲ್ಲೇ ಕಳೆಯಲಿ’ ಅಂತ ಸಲಹೆ ಕೊಟ್ಟರು. ನಮ್ಮ ವಕೀಲರು ಬೇಡ ಅಂದರು. ಓನರ್ ಅದಕ್ಕೆ ಲಿಖಿತವಾಗಿ ಒಪ್ಪಿದರೆ ಸರಿ. ಒಪ್ಪದೆ ನಿಲ್ಲಿಸಿದರೆ ಅವತ್ತಿಂದ ಬಾಕಿದಾರರು ನಾವೇ ಆಗುತ್ತೇವೆ, ಅವರು ಮಾಡಿದ್ದೆಲ್ಲ ಹಿಂದಕ್ಕೆ ಹೋಗುತ್ತದೆ.

ಖಾಲಿ ಮಾಡುವ ನೋಟಿಸನ್ನು ನಾವೇ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿದೆವು, ವಾಟ್ಸಾಪ್‌ನಲ್ಲೂ ಹಾಕಿದೆವು. ಹೊರಡುವ ದಿನ ಪ್ರತಿ ರೂಮಿನ ವಿಡಿಯೋ, ಸ್ವಿಚ್‌ಗಳು, ಬಚ್ಚಲ ನಲ್ಲಿ, ಮೀಟರ್ ರೀಡಿಂಗ್ ಎಲ್ಲಾ ತೆಗೆದೆವು. ಆಗ ಓನರ್ ನೋಟ್‌ಬುಕ್ಕಿನ ಹಾಳೆಯೊಂದನ್ನು ತಂದರು. ಪೆನ್ನಿನಲ್ಲಿ ಬರೆದ ಲೆಕ್ಕ: ಪೇಂಟಿಂಗ್ 28,000. ಮೊಳೆ ತೂತು 6,000. ಬಾತ್‌ರೂಮ್ ಆಸಿಡ್ ವಾಶ್ 4,500. ಡ್ರೈನೇಜ್ ಕ್ಲೀನಿಂಗ್ 5,000. ‘ಕಾಮನ್ ನೀರು’ 12,000. ಕೊನೆಯಲ್ಲಿ ‘ಇತರೆ’ ಅಂತ 9,000. ನೀರು ಕೊಡದಿದ್ದಕ್ಕೂ ಬಿಲ್! ಒಂದು ಐಟಂಗೂ ರಸೀದಿ ಇಲ್ಲ. ಅಗ್ರಿಮೆಂಟಿನಲ್ಲಿ ಇದ್ದದ್ದು ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಮಾತ್ರ. ಆ ಹಾಳೆಯ ಫೋಟೋ ತೆಗೆದುಕೊಂಡು ಸುಮ್ನೆ ಬಂದೆವು. ಮುಂದೆ ಅದೇ ನಮಗೆ ಒಳ್ಳೆ ಸಾಕ್ಷಿ ಆಯಿತು.

ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿ ಕಾನೂನು ಸೇವಾ ಪ್ರಾಧಿಕಾರ ಇದೆ. ಕೇಸ್ ಹಾಕುವ ಮೊದಲೇ ಅಲ್ಲಿ ಅರ್ಜಿ ಕೊಟ್ಟರೆ ಎದುರಿನವರಿಗೆ ನೋಟಿಸ್ ಕಳಿಸಿ ರಾಜಿಗೆ ಕರೆಸುತ್ತಾರೆ. ಓನರ್ ಬಂದರು. ಅಲ್ಲಿ ‘ಇತರೆ ಅಂದ್ರೆ ಏನು?’ ಅಂತ ಕೇಳಿದಾಗ ಅವರ ಹತ್ತಿರ ಉತ್ತರ ಇರಲಿಲ್ಲ. ಪೇಂಟಿಂಗ್‌ನ 16,000 ಹಿಡಿದುಕೊಂಡು ಉಳಿದದ್ದನ್ನು ಎರಡು ಚೆಕ್‌ನಲ್ಲಿ ಕೊಟ್ಟರು. ಎರಡೂ ಪಾಸಾದವು. ರಾಜಿ ಆಗದಿದ್ದರೆ ಸಿವಿಲ್ ಕೋರ್ಟಿಗೆ ಹೋಗಲು ಮೂರು ವರ್ಷದ ಅವಧಿ ಇರುತ್ತದೆ. ಹಾಗಾಗಿ ‘ಕೋರ್ಟಿಗೆ ಹೋಗ್ರಿ ನೋಡೋಣ’ ಅಂತ ಯಾರಾದರೂ ಅಂದರೆ ಅವತ್ತೇ ಕಣ್ಣೀರು ಹಾಕಬೇಕಿಲ್ಲ.

ಈಗ ಮನೆ ನೋಡುವವರು ಏನು ನೋಡಬೇಕು? ಟೈಲ್ಸ್, ವಾಸ್ತು ಆಮೇಲೆ ನೋಡಿ. ಮೊದಲು ಟೆರೇಸ್ ಹತ್ತಿ ನಿಮ್ಮ ಮಹಡಿಯ ವಾಲ್ವ್ ಎಲ್ಲಿದೆ, ಟೆರೇಸ್ ಕೀ ನಿಮಗೂ ಕೊಡುತ್ತಾರಾ ಕೇಳಿ. ಮೀಟರ್ ನಿಮ್ಮ ಮನೆಗೇ ಬೇರೆ ಇದೆಯಾ, ಗೃಹಜ್ಯೋತಿ ಈಗ ಯಾರ ಆಧಾರ್‌ಗೆ ಜೋಡಣೆ ಆಗಿದೆ ಕೇಳಿ. ಅದೇ ಬಿಲ್ಡಿಂಗಿನ ಇನ್ನೊಂದು ಬಾಡಿಗೆ ಮನೆಯವರನ್ನು ಓನರ್ ಇಲ್ಲದಾಗ ಮಾತಾಡಿಸಿ. ಅವರು ಏನೂ ಹೇಳದೆ ‘ಪರವಾಗಿಲ್ಲ’ ಅಂತ ಒಂದೇ ಮಾತಲ್ಲಿ ಮುಗಿಸಿ ಒಳಗೆ ಹೋದರೆ, ಇನ್ನೊಂದು ಮನೆ ನೋಡಿ. ಹಿಂದಿನವರು ಯಾಕೆ ಬಿಟ್ಟರು ಅಂತ ಬ್ರೋಕರ್‌ನ ಕೇಳಬೇಡಿ. ಅವನಿಗೆ ಒಂದು ತಿಂಗಳ ಕಮಿಷನ್ ಬೇಕು, ಅಂಗಡಿಯವರನ್ನು ಕೇಳಿ. ಅಡ್ವಾನ್ಸ್ ಐದು ತಿಂಗಳಿಗೆ ಇಳಿಸಿ ಅಂತ ನಾಚಿಕೆ ಬಿಟ್ಟು ಚೌಕಾಸಿ ಮಾಡಿ, ಬೇಕಿದ್ದರೆ ಬಾಡಿಗೆ ಐನೂರು ಜಾಸ್ತಿ ಕೊಡಿ. ಅಡ್ವಾನ್ಸ್ ಎಷ್ಟು ದಿನದಲ್ಲಿ ವಾಪಸ್, ಯಾವುದಕ್ಕೆ ಎಷ್ಟು ಹಿಡಿಯಬಹುದು, ಓನರ್ ಒಳಗೆ ಬರಬೇಕಾದರೆ ಮುಂಚೆ ಹೇಳಬೇಕು, ಈ ಮೂರೂ ಅಗ್ರಿಮೆಂಟಿನಲ್ಲಿ ಅಕ್ಷರದಲ್ಲಿ ಇರಲಿ. ‘ಅದೆಲ್ಲ ಯಾಕೆ, ನಂಬಿಕೆ ಮೇಲೆ ನಡೆಯುತ್ತೆ’ ಅಂತ ನಮ್ಮ ಓನರ್ ಕೂಡ ಅಂದಿದ್ದರು.

ಈಗಾಗಲೇ ಇಂಥ ಮನೆಯಲ್ಲಿ ಸಿಕ್ಕಿಕೊಂಡಿದ್ದರೆ, 15100 ಕಾನೂನು ಸೇವೆಯ ಸಹಾಯವಾಣಿ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಉಚಿತವಾಗಿ ವಕೀಲರನ್ನು ಕೊಡುತ್ತಾರೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೂ ಹಾಗೆಯೇ. ಅರ್ಜಿ ಕನ್ನಡದಲ್ಲೇ ಬರೆಯಬಹುದು. ಹೋಗುವಾಗ ಅಗ್ರಿಮೆಂಟ್, ಬ್ಯಾಂಕ್ ಸ್ಟೇಟ್‌ಮೆಂಟ್, ವಾಟ್ಸಾಪ್ ಮೆಸೇಜುಗಳ ಪ್ರಿಂಟ್ ಇಟ್ಟುಕೊಂಡು ಹೋಗಿ.