ಮೈಸೂರಿನಿಂದ ಕಡಲಿಗೆ: ಕಣ್ಣೂರೋ, ಕಲ್ಲಿಕೋಟೆಯೋ, ಮಂಗಳೂರೋ?

ಶನಿವಾರ ಬೆಳಿಗ್ಗೆ ಹೊರಟು ಭಾನುವಾರ ರಾತ್ರಿ ಮನೆ ಸೇರಬೇಕು, ನಡುವೆ ಕಡಲು ಕಣ್ತುಂಬ ನೋಡಬೇಕು. ಮೈಸೂರು, ಮಂಡ್ಯದ ಕಡೆಯವರಿಗೆ ಈ ಲೆಕ್ಕಕ್ಕೆ ಒಗ್ಗುವ ಊರುಗಳು ಮೂರು: ಕಣ್ಣೂರು, ಕಲ್ಲಿಕೋಟೆ, ಮಂಗಳೂರು. ಗೋಕರ್ಣ, ಗೋವಾ ಎಂದು ಹೊರಟರೆ ರಜೆಯೆಲ್ಲ ರಸ್ತೆಯಲ್ಲೇ ಮುಗಿಯುತ್ತದೆ. ಮೂರೂ ಊರು ಸುತ್ತಿ ಬಂದವರಾಗಿ ನಾವು ಹೇಳುವುದು ಇಷ್ಟು: ಊರು ಆರಿಸುವ ಮುಂಚೆ ದಾರಿಯಲ್ಲಿ ಘಾಟಿ ಯಾವುದು, ಕಾಡಿನ ಗೇಟು ಎಷ್ಟು ಗಂಟೆಗೆ ಮುಚ್ಚುತ್ತದೆ, ಕಡಲು ಇಳಿಯುವುದು ಎಷ್ಟೊತ್ತಿಗೆ ಎಂದು ನೋಡಿಕೊಳ್ಳಿ. ಮರಳಿನ ಚೆಂದ ಆಮೇಲಿನ ಮಾತು.

ದೂರದ ಲೆಕ್ಕದಲ್ಲಿ ಕಣ್ಣೂರೇ ಹತ್ತಿರ. ಹುಣಸೂರು, ಗೋಣಿಕೊಪ್ಪ, ವಿರಾಜಪೇಟೆ, ಮಾಕುಟ್ಟ, ಇರಿಟ್ಟಿ ಮೇಲೆ ಸುಮಾರು 180 ಕಿ.ಮೀ. ಕಲ್ಲಿಕೋಟೆಗೆ ಗುಂಡ್ಲುಪೇಟೆ, ಸುಲ್ತಾನ್ ಬತ್ತೇರಿ, ಕಲ್ಪೆಟ್ಟ ಮೇಲೆ 210ರ ಆಸುಪಾಸು. ಮಂಗಳೂರಿಗೆ ಮಡಿಕೇರಿ, ಸಂಪಾಜೆ, ಸುಳ್ಯ, ಪುತ್ತೂರು ಮೇಲೆ 250. ತಿಂಡಿ, ಕಾಫಿಗೆ ನಿಂತು ಹೋದರೆ ಕಣ್ಣೂರಿಗೆ ಐದು ಗಂಟೆ, ಮಂಗಳೂರಿಗೆ ಆರೂವರೆ. ಕಲ್ಲಿಕೋಟೆಗೆ ಮಾತ್ರ ಇಷ್ಟೇ ಎಂದು ಹೇಳಲಾಗದು, ಅದು ತಾಮರಶ್ಶೇರಿ ಘಾಟಿಯ ಮರ್ಜಿ.

ಕಾರಿದ್ದು, ಮಕ್ಕಳೂ ಜೊತೆಗಿದ್ದರೆ ನಮ್ಮ ಮತ ಕಣ್ಣೂರಿಗೆ. ಮುಖ್ಯ ಕಾರಣ ಊರಿನಿಂದ ದಕ್ಷಿಣಕ್ಕೆ, ತಲಶ್ಶೇರಿಯ ದಾರಿಯಲ್ಲಿರುವ ಮುಳಪ್ಪಿಲಂಗಾಡ್ ಬೀಚ್. ಸುಮಾರು ನಾಲ್ಕು ಕಿ.ಮೀ. ಉದ್ದಕ್ಕೂ ನೀರಿನ ಅಂಚಿನಲ್ಲೇ ಕಾರು ಓಡಿಸಬಹುದು. ಆದರೆ ಇಳಿತದ ಹೊತ್ತಿನಲ್ಲಿ ಮಾತ್ರ. ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಹೊತ್ತು ದಿನದಿಂದ ದಿನಕ್ಕೆ ಮುಕ್ಕಾಲು ಗಂಟೆಗೂ ಹೆಚ್ಚು ಮುಂದಕ್ಕೆ ಹೋಗುತ್ತದೆ. ಹಾಗಾಗಿ ಕಳೆದ ವಾರ ಹೋಗಿಬಂದವರು ಹೇಳಿದ ಸಮಯ ಈ ವಾರಕ್ಕೆ ಉಪಯೋಗವಿಲ್ಲ. ಕಣ್ಣೂರಿನ ಉಬ್ಬರ ಇಳಿತದ ಸಮಯ ಮೊಬೈಲಿನಲ್ಲೇ ಸಿಗುತ್ತದೆ. ಇಳಿತಕ್ಕೆ ಒಂದೂವರೆ ಗಂಟೆ ಮುಂಚೆ ಬೀಚಿಗಿಳಿದರೆ ಸಾಕಷ್ಟು ಹೊತ್ತು ಸಿಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಚೀಚೆ ಮರಳು ಇನ್ನೂ ಅಗಲ ತೆರೆದುಕೊಳ್ಳುತ್ತದೆ, ಅಷ್ಟೇ ಬೇಗ ನೀರು ತಿರುಗಿಯೂ ಬರುತ್ತದೆ.

ಇಲ್ಲಿ ಕಾರು ಹೂತುಕೊಳ್ಳುವುದು ಎರಡು ಜಾಗದಲ್ಲಿ. ಒಂದು, ರಸ್ತೆಯಿಂದ ಬೀಚಿಗಿಳಿಯುವಲ್ಲಿನ ಒಣ ಮರಳು. ಅಲ್ಲಿ ನಿಲ್ಲಿಸದೆ, ಗೇರ್ ಬದಲಾಯಿಸದೆ ಒಂದೇ ವೇಗದಲ್ಲಿ ದಾಟಿ ಗಟ್ಟಿ ಮರಳಿಗೆ ಬನ್ನಿ. ಇನ್ನೊಂದು, ಅಲೆ ಬಂದು ಹೋಗುವ ಗೆರೆ. ಫೋಟೋಕ್ಕೆಂದು ಅಲ್ಲಿ ಕಾರು ನಿಲ್ಲಿಸಿದರೆ ಪ್ರತಿ ಅಲೆಯೂ ಟೈರಿನ ಕೆಳಗಿನ ಮರಳನ್ನು ಎಳೆದುಕೊಂಡು ಹೋಗುತ್ತದೆ, ನೋಡುನೋಡುತ್ತಲೇ ಚಕ್ರ ಕೂತುಬಿಡುತ್ತದೆ. ಹೂತಮೇಲೆ ಆಕ್ಸಿಲರೇಟರ್ ಒತ್ತಬೇಡಿ, ಚಕ್ರ ತನ್ನ ಗುಂಡಿ ತಾನೇ ತೋಡಿಕೊಳ್ಳುತ್ತದೆ. ಎಲ್ಲರೂ ಇಳಿದು, ಎಂಜಿನ್ ತಿರುಗಿಸುವ ಚಕ್ರದ (ಸಣ್ಣ ಕಾರುಗಳಲ್ಲಿ ಹೆಚ್ಚಾಗಿ ಮುಂದಿನದು) ಹಿಂದಿನ ಮರಳನ್ನು ಇಳಿಜಾರಾಗಿ ಕೆರೆದು, ಕಾರಿನೊಳಗಿನ ಮ್ಯಾಟ್ ತೂರಿಸಿ, ಬಂದ ಜಾಡಿನಲ್ಲೇ ರಿವರ್ಸ್ ತೆಗೆಯಿರಿ. ಆದರೂ ಏಳದಿದ್ದರೆ ಟೈರಿನ ಗಾಳಿಯನ್ನು 18 ಪಿಎಸ್‌ಐವರೆಗೆ ಇಳಿಸಿ. ಟೈರು ಅಗಲವಾಗಿ ಕೂತು ಮರಳನ್ನು ಹಿಡಿಯುತ್ತದೆ. ಆಮೇಲೆ ಮೊದಲು ಸಿಗುವ ಬಂಕಿನಲ್ಲಿ ಗಾಳಿ ತುಂಬಿಸುವವರೆಗೆ ನಿಧಾನ ಹೋಗಬೇಕು. ಅದೇ ಸಂಜೆ ಕಾರಿನ ಹೊಟ್ಟೆ, ಚಕ್ರದ ಒಳಭಾಗ, ಬ್ರೇಕ್ ಡಿಸ್ಕ್ ಎಲ್ಲವನ್ನೂ ಸಿಹಿನೀರಿನಲ್ಲಿ ತೊಳೆಸಿ. ಮೈಸೂರಿಗೆ ಬಂದು ತೊಳೆಸೋಣ ಎಂದುಕೊಂಡರೆ ಅಷ್ಟರಲ್ಲಿ ಉಪ್ಪು ತನ್ನ ಕೆಲಸ ಶುರುಮಾಡಿರುತ್ತದೆ.

ಕಣ್ಣೂರಿನ ಸೇಂಟ್ ಏಂಜೆಲೋ ಕೋಟೆಯನ್ನು ಪೋರ್ಚುಗೀಸರ ಮೊದಲ ವೈಸ್‌ರಾಯ್ ಅಲ್ಮೇಡಾ 1505ರಲ್ಲಿ ಕಟ್ಟಿಸಿದ್ದು. ಆಮೇಲೆ ಡಚ್ಚರು, ಅರಕ್ಕಲ್ ಮನೆತನ, ಇಂಗ್ಲಿಷರು ಒಬ್ಬರಾದ ಮೇಲೊಬ್ಬರು ಇಟ್ಟುಕೊಂಡರು. ಜಂಬಿಟ್ಟಿಗೆಯ ಗೋಡೆ, ಮೂರು ದಿಕ್ಕಿಗೆ ಕಡಲು. ಬಿಸಿಲು ಬಾಗಿದ ಮೇಲೆ ಹೋಗಿ. ಪಯ್ಯಾಂಬಲಂ ಬೀಚ್ ನಡೆಯಲು ಚೆನ್ನ, ಅಷ್ಟೇ. ಹಬ್ಬದ ಕಾಲ ಹುಡುಕದೆ ತೆಯ್ಯಂ (ನಮ್ಮ ಕರಾವಳಿಯ ಭೂತಕೋಲದಂಥ ದೈವದ ಕುಣಿತ) ನೋಡಬೇಕಿದ್ದರೆ ಪರಶ್ಶಿನಿಕ್ಕಡವು ಮುತ್ತಪ್ಪನ ಗುಡಿ ಇದೆ; ಉಳಿದೆಡೆ ತೆಯ್ಯಂ ಸಾಮಾನ್ಯವಾಗಿ ತುಲಾ ಮಾಸದಿಂದ (ಅಕ್ಟೋಬರ್ ಕೊನೆ) ಮಳೆಗಾಲದ ಮುಂಚಿನವರೆಗೆ ಮಾತ್ರ, ಇಲ್ಲಿ ಹೆಚ್ಚುಕಡಿಮೆ ದಿನವೂ ನಡೆಯುತ್ತದೆ. ನಸುಕಿನ ಹೊತ್ತಿನದು ಸಂಜೆಯದಕ್ಕಿಂತ ಚೆನ್ನ, ಜನ ಕಡಿಮೆ. ಊಟಕ್ಕೆ ತಲಶ್ಶೇರಿ ಬಿರಿಯಾನಿ. ಕೈಮ ಎಂಬ ಪುಟ್ಟ, ಪರಿಮಳದ ಅಕ್ಕಿಯದು. ನಮ್ಮ ಕಡೆಯ ಖಾರ ನಿರೀಕ್ಷಿಸಬೇಡಿ.

ಕಣ್ಣೂರಿನ ಕೊರತೆ ಮಾಕುಟ್ಟ ಘಾಟಿ. ಕಿರಿದು, ತಿರುವು ಜಾಸ್ತಿ, ಮಳೆಗಾಲದಲ್ಲಿ ಮಣ್ಣು ಕುಸಿಯುತ್ತದೆ. ಕತ್ತಲಾದ ಮೇಲೆ ಇಳಿಯುವುದು, ಹತ್ತುವುದು ಬೇಡ. ಎಚ್.ಡಿ. ಕೋಟೆ, ಬಾವಲಿ, ಮಾನಂತವಾಡಿ ಮೇಲೆ ಹೋಗುವವರಿಗೆ ಇನ್ನೊಂದು ತೊಡಕು: ಆ ಕಾಡಿನ ರಸ್ತೆ ಸಂಜೆ 6ಕ್ಕೇ ಮುಚ್ಚುತ್ತದೆ, ತೆರೆಯುವುದು ಬೆಳಿಗ್ಗೆ 6ಕ್ಕೆ.

ಕಲ್ಲಿಕೋಟೆಗೆ ಈಜಲು ಹೋಗಬೇಡಿ, ತಿನ್ನಲು ಹೋಗಿ. ಊರೊಳಗಿನ ಬೀಚು ಸಂಜೆ ಕೂರುವ ಜಾಗ. ನೂರು ವರ್ಷಕ್ಕೂ ಹಳೆಯ ಎರಡು ಹಡಗುಕಟ್ಟೆಗಳ ಕಂಬಗಳು ನೀರಿನಲ್ಲಿ ನಿಂತಿವೆ. ಎದುರಿನ ಗಾಡಿಗಳಲ್ಲಿ ಉಪ್ಪುನೀರಿನಲ್ಲಿ ಹಾಕಿಟ್ಟ ಮಾವು, ನೆಲ್ಲಿ, ಅನಾನಸು; ಅಕ್ಕಿಹಿಟ್ಟು ತುಂಬಿ ಬೇಯಿಸಿ, ಮಸಾಲೆ ಹಚ್ಚಿ ಕರಿದ ಕಲ್ಲುಮ್ಮಕ್ಕಾಯಿ ಎಂಬ ಕಡಲ ಚಿಪ್ಪು. ಮಿಠಾಯಿ ತೆರುವಿನಲ್ಲಿ ಹಲ್ವಾ ಕೊಳ್ಳುವ ಮುಂಚೆ ರುಚಿ ನೋಡಲು ಕೊಡುತ್ತಾರೆ, ಸಂಕೋಚ ಬೇಡ. ಕುಟ್ಟಿಚ್ಚಿರದ ಮಿಶ್ಕಾಲ್ ಮಸೀದಿಯ ಮರದ ಅಂತಸ್ತುಗಳನ್ನು ಹೊರಗಿನಿಂದ ನೋಡಿದರೂ ಹೋದದ್ದು ಸಾರ್ಥಕ; 1510ರಲ್ಲಿ ಪೋರ್ಚುಗೀಸರು ಬೆಂಕಿಯಿಟ್ಟ ಕಟ್ಟಡ ಅದು. ವಾಸ್ಕೋ ಡ ಗಾಮ 1498ರಲ್ಲಿ ಬಂದಿಳಿದನೆಂದು ಹೇಳುವ ಕಪ್ಪಾಡ್ ಉತ್ತರಕ್ಕಿದೆ. ಸ್ವಚ್ಛತೆ, ಸುರಕ್ಷತೆಗೆ ಕೊಡುವ ಬ್ಲೂ ಫ್ಲ್ಯಾಗ್ ಮನ್ನಣೆ 2020ರಲ್ಲಿ ಸಿಕ್ಕ ಬೀಚು, ಮಕ್ಕಳನ್ನು ನೀರಿಗಿಳಿಸುವುದಿದ್ದರೆ ಅಲ್ಲೇ. ದಕ್ಷಿಣದ ಬೇಪೂರಿನಲ್ಲಿ ಉರು ಎಂಬ ಮರದ ಹಡಗು ಕಟ್ಟುವ ಕಸುಬು ಇವತ್ತಿಗೂ ಇದೆ.

ತೊಂದರೆಯೆಲ್ಲ ವಾಪಸ್ ಬರುವಾಗ. ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧವಿದೆ; ಬೆರಳೆಣಿಕೆಯ ಸಾರಿಗೆ ಬಸ್ಸುಗಳಿಗೆ, ತುರ್ತು ವಾಹನಗಳಿಗಷ್ಟೇ ವಿನಾಯಿತಿ. ಕಲ್ಲಿಕೋಟೆಯಿಂದ ಈ ಕಾಡಿನ ಕೇರಳದ ಕಡೆಯ ಮುತ್ತಂಗ ಗೇಟಿಗೆ ನೂರಹತ್ತು ಕಿ.ಮೀ.ಗೂ ಮಿಕ್ಕಿದೆ. ನಡುವಿನ ತಾಮರಶ್ಶೇರಿ ಘಾಟಿಯಲ್ಲಿ ಒಂಬತ್ತು ಹೇರ್‌ಪಿನ್ ತಿರುವು. ಭಾನುವಾರ ಸಂಜೆ ವಯನಾಡಿನ ಪ್ರವಾಸಿಗಳ ಕಾರು ಇಳಿಯುತ್ತಿರುತ್ತವೆ, ಲಾರಿಗಳು ಹತ್ತುತ್ತಿರುತ್ತವೆ. ಒಂದು ತಿರುವಿನಲ್ಲಿ ಒಂದು ಲಾರಿ ಕೆಟ್ಟು ನಿಂತರೂ ಸಾಕು, ಗಂಟೆಗಟ್ಟಲೆ ಕಾಯಬೇಕು. ಮಧ್ಯಾಹ್ನ 2ಕ್ಕೆ ಊಟ ಮುಗಿಸಿ ಹೊರಟುಬಿಡಿ. ಗೇಟು ತಪ್ಪಿದರೆ ಮಾನಂತವಾಡಿ, ಕುಟ್ಟ, ಗೋಣಿಕೊಪ್ಪ, ಹುಣಸೂರು ಸುತ್ತಿಕೊಂಡು ಬರಬೇಕು.

ವಯಸ್ಸಾದ ಅಪ್ಪ ಅಮ್ಮನನ್ನು ಕರೆದೊಯ್ಯುವುದಾದರೆ, ಕಾರು ಇಲ್ಲದಿದ್ದರೆ, ಮಂಗಳೂರು. ಬೆಂಗಳೂರಿನಿಂದ ಮೈಸೂರಿನ ಮೇಲೆ ಹೋಗುವ ರಾತ್ರಿ ರೈಲಿದೆ. ಮಲಗಿ ಎದ್ದರೆ ಮಂಗಳೂರು. ಸಕಲೇಶಪುರ, ಸುಬ್ರಹ್ಮಣ್ಯ ನಡುವಿನ 57 ಸುರಂಗಗಳು ಕತ್ತಲಲ್ಲೇ ದಾಟಿಹೋಗುತ್ತವೆ ಎಂಬುದೊಂದು ಬೇಸರ. ಘಾಟಿಯ ತಲೆನೋವಿಲ್ಲ, ಭಾಷೆ ನಮ್ಮದೇ. ನೋಡುವ ಜಾಗಗಳೂ ಊರೊಳಗೇ: ಕದ್ರಿಯಲ್ಲಿ 968ನೇ ಇಸವಿಯ ಕಂಚಿನ ಲೋಕೇಶ್ವರ, ನಾರಾಯಣ ಗುರುಗಳು 1912ರಲ್ಲಿ ಪ್ರತಿಷ್ಠಾಪಿಸಿದ ಕುದ್ರೋಳಿಯ ಗೋಕರ್ಣನಾಥನ ಗುಡಿ, ಗೋಡೆ ಛಾವಣಿಗಳನ್ನೆಲ್ಲ ಇಟಲಿಯ ಕಲಾವಿದ ಮೊಸ್ಕೇನಿಯ ಚಿತ್ರಗಳು ತುಂಬಿರುವ ಸೇಂಟ್ ಅಲೋಶಿಯಸ್ ಚಾಪೆಲ್. ಮಂಗಳೂರಿನದೇ ಸುಲ್ತಾನ್ ಬತ್ತೇರಿಯಲ್ಲಿ (ವಯನಾಡಿನ ಊರಲ್ಲ) ದೋಣಿ ಹತ್ತಿ ಹೊಳೆ ದಾಟಿದರೆ ತಣ್ಣೀರುಬಾವಿ ಬೀಚು. ರಸ್ತೆಯಲ್ಲಾದರೆ ಕೂಳೂರು ಸುತ್ತಬೇಕು.

ಸ್ನಾನಕ್ಕೆ ಪಣಂಬೂರು ಬೀಚಿನಲ್ಲಿ, ಜೀವರಕ್ಷಕರಿರುವ ಕಡೆ ಮಾತ್ರ ಇಳಿಯಿರಿ. ಸೋಮೇಶ್ವರದ ಬಂಡೆಗಳು ನೋಡಲು ಚೆಂದ, ನೀರಿಗೆ ಇಳಿಯಲು ಅಲ್ಲ. ಒಳನಾಡಿನವರು ಕಡಲಿನಲ್ಲಿ ಮೋಸಹೋಗುವುದು ಒಂದೇ ಕಡೆ: ಅಕ್ಕಪಕ್ಕ ಅಲೆ ಒಡೆಯುತ್ತಿದ್ದು, ನಡುವೆ ಒಂದು ಪಟ್ಟಿ ಮಾತ್ರ ಶಾಂತವಾಗಿ, ಸ್ವಲ್ಪ ಕದಡಿದ ಬಣ್ಣದಲ್ಲಿ ಕಾಣುತ್ತದೆ. ದಡಕ್ಕೆ ಬಂದ ನೀರು ವಾಪಸ್ ಹೋಗುವ ಓಣಿ ಅದು. ಸೆಳೆತಕ್ಕೆ ಸಿಕ್ಕರೆ ದಡದ ಕಡೆ ಈಜಿ ಸುಸ್ತಾಗಬೇಡಿ. ದಡಕ್ಕೆ ಸಮಾನಾಂತರವಾಗಿ ಸ್ವಲ್ಪ ದೂರ ಈಜಿ ಸೆಳೆತದಿಂದ ಹೊರಬನ್ನಿ, ಆಮೇಲೆ ಅಲೆ ಒಡೆಯುತ್ತಿರುವ ಕಡೆಯಿಂದ ದಡ ಸೇರಿ.

ಮೂರು ಊರಿಗೂ ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಏಪ್ರಿಲ್, ಮೇ ಬಿಸಿಲಿಗಿಂತ ಬೆವರು ನಮ್ಮವರನ್ನು ಸುಸ್ತು ಮಾಡುತ್ತದೆ. ಮೀನಿಗಾಗಿಯೇ ಹೋಗುವವರು ಜೂನ್, ಜುಲೈ ಬಿಡಿ: ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವುದಿಲ್ಲ, ಕೇರಳದಲ್ಲಿ ಟ್ರಾಲಿಂಗ್ ನಿಷೇಧ ಜೂನ್ ಎರಡನೇ ವಾರದಿಂದ ಅದೇ ಜುಲೈ 31ರವರೆಗೆ. ಆ ದಿನಗಳಲ್ಲಿ ಕಾಣೆ, ಅಂಜಲ್ ಸಿಕ್ಕರೂ ಬೆಲೆ ಏರಿರುತ್ತದೆ, ಹೆಚ್ಚಿನದು ಐಸಿನಲ್ಲಿ ಇಟ್ಟದ್ದು. ಆರ್ಡರ್ ಕೊಡುವ ಮುಂಚೆ ಮೀನು ತೋರಿಸಲು ಕೇಳಿ. ಕಣ್ಣು ಉಬ್ಬಿ ಹೊಳೆಯುತ್ತಿದ್ದು, ಕಿವಿರು ಕೆಂಪಗಿದ್ದರೆ ತಾಜಾ.